ಸೊಟ್ಟ ರೆಕ್ಕೆ

ಮಾಡೆಲ್ ಕಿಟ್ಟಿನ ಪೆಟ್ಟಿಗೆ ಬಿಚ್ಚಿದ ಕೂಡಲೇ ಅದನ್ನು ಮಾಡಿದವನಿಗೆ ಬೈಯಲು ಶುರು ಮಾಡುವುದು ನನ್ನ ಪದ್ಧತಿ. ಬೈಯದಿದ್ದರೆ ಕೈಗೆ ಹುರುಪು ಬರುವುದಿಲ್ಲ. ರೆಸಿನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಪುಟ್ಟ ಬಾಹ್ಯಾಕಾಶ ನೌಕೆಗಳ ಬಿಡಿಭಾಗ ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ನಿಲ್ಲಿಸುವ ಹುಚ್ಚು ನನಗೆ. ಹುಚ್ಚು ಅನ್ನುವುದು ನನ್ನ ಗಂಡನ ಮಾತು, ನಾನು ಅದನ್ನು ಕೆಲಸ ಅನ್ನುತ್ತೇನೆ. ಹೊಟ್ಟೆಪಾಡಿಗೆ ನಾನು ಹಲ್ಲು ಕಟ್ಟುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಕೂರುವಂಥ ಹಲ್ಲಿನ ಸೆಟ್ಟು ಮಾಡಿಕೊಡುತ್ತೇನೆ. ಕೂದಲೆಳೆಯಷ್ಟು ಎತ್ತರ ಜಾಸ್ತಿಯಾದರೂ ಜನ ಅಗಿಯಲಾರದೆ ವಾಪಸ್ಸು ತರುತ್ತಾರೆ. ನನ್ನ ಸೆಟ್ಟುಗಳು ವಾಪಸ್ಸು ಬಂದಿಲ್ಲ. ಜಂಬ ಅಂದುಕೊಳ್ಳಿ, ಇರುವುದನ್ನು ಹೇಳಲು ನಾಚಿಕೆ ಯಾಕೆ?

ಈ ಸಲ ಪೆಟ್ಟಿಗೆಯಲ್ಲಿ ಬಂದದ್ದು ಮಿಂಚುಳ್ಳಿ. ನಾವೆಲ್ಲ ಚಿಕ್ಕವರಿದ್ದಾಗ ವಾರಕ್ಕೊಮ್ಮೆ ಟೀವಿಯಲ್ಲಿ ಬರುತ್ತಿದ್ದ ಧಾರಾವಾಹಿಯ ನೌಕೆ ಅದು. ಉದ್ದ ಕೊಕ್ಕು, ಗುಂಡು ಹೊಟ್ಟೆ, ಹಿಂದೆ ಎರಡು ರೆಕ್ಕೆ. ಚಿತ್ರೀಕರಣಕ್ಕೆಂದು ಅದನ್ನು ಸ್ಟುಡಿಯೋದಲ್ಲಿ ಮರದಿಂದ ಕೆತ್ತಿ ಮಾಡಿದವರು ಬೇರೆ ಯಾರೂ ಅಲ್ಲ, ನನ್ನ ಮಾವ, ಗಂಡನ ತಂದೆ. ಮದುವೆಗೆ ಮುಂಚೆ ಗಂಡ ಈ ವಿಷಯ ಬಾಯಿ ತಪ್ಪಿ ಹೇಳಿದ್ದೇ ತಡ, ನಾನು ಹೂಂ ಅಂದುಬಿಟ್ಟೆ ಎಂದು ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಅದು ಅರ್ಧ ನಿಜ.

ಆದರೆ ಮಾವ ಆ ನೌಕೆಯ ಬಗ್ಗೆ ತುಟಿ ಪಿಟಕ್ಕೆನ್ನುವವರಲ್ಲ. ಧಾರಾವಾಹಿ ಮುಗಿದ ಮೇಲೆ ಸ್ಟುಡಿಯೋ ಬಿಟ್ಟು ಬಾಗಿಲು, ಕಿಟಕಿ ಮಾಡುವ ಕೆಲಸ ಹಿಡಿದರು. ಅವರು ಕೂರಿಸಿದ ಚೌಕಟ್ಟಿನ ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ನಡುಮಧ್ಯೆ ನಿಂತು ಅಲ್ಲಾಡುವುದಿಲ್ಲ. ಟೀವಿಯಲ್ಲಿ ಆ ಧಾರಾವಾಹಿ ಮತ್ತೆ ಹಾಕಿದರೆ ಎದ್ದು ಹೋಗಿ ಗಿಡಗಳಿಗೆ ನೀರು ಹಾಕುತ್ತಾರೆ, ಬೇರು ಕೊಳೆಯುವಷ್ಟು. ನಮ್ಮ ಮಾಡೆಲ್ ಸಂಘದ ಪ್ರದರ್ಶನಕ್ಕೆ ಪ್ರತಿ ವರ್ಷ ಕರೆಯುತ್ತೇನೆ, ಪ್ರತಿ ವರ್ಷವೂ ಅವರಿಗೆ ಮೊಣಕಾಲು ನೋವು. ಮಿಂಚುಳ್ಳಿ ಮಾಡಿದವರು ಯಾರೆಂದು ಸಂಘದಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹೇಳಬೇಡ ಎಂದು ಮಾವ ನನ್ನ ಬಾಯಿಗೂ ಬೀಗ ಹಾಕಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಈ ಸಲ ನೌಕೆಯನ್ನು ಎಷ್ಟು ಸರಿಯಾಗಿ ಮಾಡುತ್ತೇನೆಂದರೆ, ಅದನ್ನು ನೋಡಿ ಮಾವ ನಾಲ್ಕು ಜನರ ಮುಂದೆ ಬಂದು ‘ಇದು ನನ್ನದು’ ಅನ್ನಲೇಬೇಕು. ಹಾಗೆಂದು ಗಂಡನ ಹತ್ತಿರ ಪಂಥ ಕಟ್ಟಿದೆ. ಅವನು ನಕ್ಕ. ನಗಲಿ ಬಿಡಿ.

ರೆಸಿನ್ ತುಂಡುಗಳಿಗೆ ಅಚ್ಚಿನ ಎಣ್ಣೆ ಮೆತ್ತಿಕೊಂಡಿರುತ್ತದೆ, ತೊಳೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ಹಾಗಾಗಿ ಮಿಂಚುಳ್ಳಿ ಮೊದಲು ನಮ್ಮ ಅಡುಗೆಮನೆಯ ಸಿಂಕಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿತು. ಒಣಗಿಸಿ ಬೆಳಕಿಗೆ ಹಿಡಿದರೆ ಮೈತುಂಬ ಗುಳ್ಳೆ ಒಡೆದ ತೂತು. ಕೊಕ್ಕು ಬಿಸಿಲಿಗಿಟ್ಟ ಮೇಣದಬತ್ತಿಯಂತೆ ಬಾಗಿತ್ತು. ಅದನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ನೆಟ್ಟಗೆ ಮಾಡಿ, ತಣ್ಣೀರಿನಲ್ಲಿ ಹಿಡಿದು ನಿಲ್ಲಿಸಿದೆ. ಹೊಟ್ಟೆ ಬೇಕಾದ್ದಕ್ಕಿಂತ ದಪ್ಪವಿತ್ತು, ಉಜ್ಜಿ ಉಜ್ಜಿ ಇಳಿಸಿದೆ. ರೆಸಿನ್ ಪುಡಿ ಎದೆಗೆ ಹೋಗಬಾರದೆಂದು ನೀರು ಹಾಕಿಕೊಂಡೇ ಉಜ್ಜಬೇಕು, ಮೂಗಿಗೆ ಮಾಸ್ಕು ಬೇಕು, ಕೋಣೆಯ ಬಾಗಿಲು ಮುಚ್ಚಿರಬೇಕು. ಒಳಗೇನು ನಡೆದಿದೆ ಎಂದು ಮನೆಯವರಿಗೆ ಕಾಣುತ್ತಿರಲಿಲ್ಲ, ಬರೀ ನನ್ನ ಬೈಗುಳ ಕೇಳಿಸುತ್ತಿತ್ತು.

ಅತಿ ದೊಡ್ಡ ಬೈಗುಳ ರೆಕ್ಕೆಗೆ. ಟೀವಿಯಲ್ಲಿ ಮಿಂಚುಳ್ಳಿಯ ಎಡ ರೆಕ್ಕೆ ಬಲ ರೆಕ್ಕೆಗಿಂತ ಚೂರು ಕೆಳಕ್ಕೆ ವಾಲಿರುತ್ತದೆ. ಸಂಘದಲ್ಲಿ ನಾವು ಅದನ್ನು ಪ್ರೀತಿಯಿಂದ ಸೊಟ್ಟ ರೆಕ್ಕೆ ಅನ್ನುತ್ತೇವೆ. ಯುದ್ಧದಲ್ಲಿ ಪೆಟ್ಟು ಬಿದ್ದದ್ದು ಅಂತ ಒಬ್ಬರು, ಬೇಗ ತಿರುಗಲು ಹಾಗೆ ಮಾಡಿದ್ದು ಅಂತ ಇನ್ನೊಬ್ಬರು, ವಾದಕ್ಕೆ ಕೂತರೆ ಚಹಾ ಆರಿ ಹೋಗುತ್ತದೆ. ಸಂಘದ ತೀರ್ಪುಗಾರರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ನಾವು ಹಿಂದಿನಿಂದ ಸೂಜಿಗಣ್ಣ ಅನ್ನುತ್ತೇವೆ. ಯಾರಾದರೂ ಮಿಂಚುಳ್ಳಿ ತಂದರೆ ಅವರು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಮೊದಲು ಬಗ್ಗಿ ನೋಡುವುದು ಆ ರೆಕ್ಕೆಯನ್ನೇ. ಈ ಕಿಟ್ಟಿನಲ್ಲಿ ನೋಡಿದರೆ ಎರಡು ರೆಕ್ಕೆಯೂ ಸಮ! ಮಾಡಿದವನು ಕಣ್ಣನ್ನೇನು ಜೇಬಿನಲ್ಲಿ ಇಟ್ಟುಕೊಂಡಿದ್ದನೇ? ಧಾರಾವಾಹಿಯನ್ನು ನೌಕೆ ಕಾಣುವ ಕಡೆ ತಡೆದು ನಿಲ್ಲಿಸಿ, ಟೀವಿ ಪರದೆಯ ಮೇಲೆ ಕೋನಮಾಪಕ ಇಟ್ಟು ವಾಲಿಕೆ ಅಳೆದೆ. ಎಡ ರೆಕ್ಕೆಯನ್ನು ಬುಡದಲ್ಲಿ ಕೊಯ್ದು, ಒಳಗೆ ಹಿತ್ತಾಳೆ ತಂತಿ ತೂರಿಸಿ, ಅಷ್ಟೇ ಕೋನಕ್ಕೆ ವಾಲಿಸಿ ಕೂರಿಸಿದೆ. ಕೊಯ್ದ ಗೆರೆ ಹುಡುಕಿದರೂ ಸಿಗುತ್ತಿರಲಿಲ್ಲ. ನನ್ನ ಕೈಯನ್ನು ನಾನೇ ಮುದ್ದಿಸಬೇಕು ಅನ್ನಿಸಿತು.

ಬಣ್ಣ ಒಣಗಿದ ಮೇಲೆ, ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ತಂದು ಮಾವನ ಮುಂದೆ ಇಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡರು. ಕೊಕ್ಕಿನ ಮೇಲೆ ಬೆರಳಾಡಿಸಿದರು. ಮುಖ ಅರಳುತ್ತಿತ್ತು, ಸುಳ್ಳಲ್ಲ, ನಾನು ಕಣ್ಣಾರೆ ನೋಡಿದೆ. ಆಗ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಸೊಟ್ಟ ಹೇಗಿದೆ ಮಾವ? ಸೊಟ್ಟಾನೇ ಇದರ ಜೀವ," ಅಂದೆ.

ಮಾವನ ಬೆರಳು ಅಲ್ಲೇ ನಿಂತಿತು. ನೌಕೆಯನ್ನು ನನ್ನ ಕಡೆ ತಳ್ಳಿ, ತಟ್ಟೆ ಬಿಟ್ಟು ಎದ್ದು ಕೋಣೆಗೆ ಹೋದರು. ಗಂಡ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನಮ್ಮಿಬ್ಬರಿಗೂ ತಲೆಬುಡ ತಿಳಿಯಲಿಲ್ಲ.

ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವ ಜಾತಿ ನನ್ನದಲ್ಲ. ಬೆಳಿಗ್ಗೆ ಅವರು ಗಿಡಗಳ ಹತ್ತಿರ ನಿಂತಿದ್ದಾಗ ನೆಟ್ಟಗೆ ಹೋಗಿ, ನನ್ನಿಂದ ಏನು ತಪ್ಪಾಯಿತು ಹೇಳಿ ಅಂದೆ. ನೀರಿನ ಮಗ್ಗು ಕೆಳಗಿಟ್ಟರು. ಮೆಲ್ಲಗೆ ಹೇಳಿದರು.

"ಅದು ಹಾಗೆ ಮಾಡಿದ್ದಲ್ಲಮ್ಮ. ಶೂಟಿಂಗಿನ ಮೊದಲನೇ ದಿನ ಅಂಟು ಇನ್ನೂ ಹಿಡಿದಿರಲಿಲ್ಲ. ಸ್ವಲ್ಪ ಹೊತ್ತು ಬಿಡಿ ಅಂದೆ. ಟೀವಿದು ಇಷ್ಟೇ ಇಷ್ಟು ಪರದೆ, ಯಾರು ನೋಡ್ತಾರೆ ಅಂತ ದೀಪ ಹಾಕಿಬಿಟ್ರು. ಆ ಬಿಸಿಗೆ ರೆಕ್ಕೆ ಜಾರ್ತು."

ಉಳಿದದ್ದು ಒಂದೊಂದಾಗಿ ಹೊರಗೆ ಬಂತು. ಮೊದಲ ಕಂತು ಟೀವಿಯಲ್ಲಿ ಬಂದ ಮೇಲೆ, ಮುಂದಿನ ಎಲ್ಲ ನೌಕೆಗಳೂ ಅದರ ಹಾಗೆಯೇ ಇರಬೇಕು ಎಂದು ಸ್ಟುಡಿಯೋದವರು ಹಟ ಹಿಡಿದರಂತೆ. ಹತ್ತಿರದಿಂದ ತೋರಿಸಲು ದೊಡ್ಡದು, ದೂರಕ್ಕೆ ಚಿಕ್ಕದು, ಬೆಂಕಿ ಹಚ್ಚಿ ಸುಡಲು ಇನ್ನೊಂದು, ಎಲ್ಲದಕ್ಕೂ ಮಾವ ತಮ್ಮ ಕೈಯಾರೆ ರೆಕ್ಕೆ ವಾಲಿಸಿ ಕೂರಿಸಬೇಕಾಯಿತು. ಸ್ಟುಡಿಯೋದವರು ಅವರ ಹೆಸರನ್ನೇ ಮರೆತು ಸೊಟ್ಟ ಎಂದು ಕರೆಯತೊಡಗಿದರು. ಧಾರಾವಾಹಿ ಮುಗಿದ ದಿನ ನಡೆದ ಸಮಾರಂಭದಲ್ಲಿ ಮೈಕಿನಲ್ಲಿ ಅದೇ ಹೆಸರು ಕೂಗಿ ವೇದಿಕೆಗೆ ಕರೆದರು, ಜನ ನಕ್ಕು ಚಪ್ಪಾಳೆ ತಟ್ಟಿದರು. ಮಗನನ್ನೂ ಕರೆದುಕೊಂಡು ಹೋಗಿದ್ದರಂತೆ. ದಾರಿಯಲ್ಲಿ ಬರುವಾಗ ಮಗು ಕೇಳಿತು, ಅಪ್ಪಾ, ಅವರು ಸೊಟ್ಟ ಅಂದದ್ದು ಯಾರಿಗೆ ಅಂತ. ಆ ಮಗು ಈಗ ನನ್ನ ಗಂಡ. ಅವನಿಗೆ ಅದರ ನೆನಪೂ ಇಲ್ಲ. ಮಾವ ಮಾರನೆಯ ದಿನವೇ ಕೆಲಸ ಬಿಟ್ಟರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳುವೂ ಬಂತು, ಕೋಪವೂ ಬಂತು. ಅಷ್ಟರಲ್ಲಿ ತಲೆಯಲ್ಲಿ ಏನೋ ಹೊಳೆದು, ಒಳಗೆ ಓಡಿ ಕಿಟ್ಟಿನ ಪೆಟ್ಟಿಗೆಯ ಮುಚ್ಚಳ ತಂದು ಅವರ ಕೈಯಲ್ಲಿಟ್ಟೆ. ಅದರ ಮೇಲೆ, ನಾನು ಕೈ ಹಚ್ಚುವ ಮುಂಚೆ ಮಿಂಚುಳ್ಳಿ ಹೇಗಿತ್ತು ಎಂಬ ಚಿತ್ರವಿದೆ.

"ನೋಡಿ ಮಾವ. ಪೆಟ್ಟಿಗೆಯಲ್ಲಿ ಬಂದಾಗ ನೆಟ್ಟಗೇ ಇತ್ತು. ಸೊಟ್ಟ ಮಾಡಿದ್ದು ನಾನು."

ಮಾವ ಮುಚ್ಚಳವನ್ನು ಬೆಳಕಿಗೆ ಹಿಡಿದರು. ಎಡ ರೆಕ್ಕೆ, ಬಲ ರೆಕ್ಕೆ, ಮತ್ತೆ ಎಡ ರೆಕ್ಕೆ ನೋಡಿದರು.

"ಯಾರಮ್ಮ ಇದನ್ನ ಮಾಡಿದ್ದು? ನಾನು ಹೀಗೇ ಮಾಡಿದ್ದೆ ಅಂತ ಅವನಿಗೆ ಹೇಗೆ ಗೊತ್ತಾಯ್ತು?"

ನಾನು ಇಷ್ಟು ದಿನ ಬಾಯಿಗೆ ಬಂದ ಹಾಗೆ ಬೈದ ಮನುಷ್ಯ ಅವನು. ಅವನಿಗೆ ಏನೂ ಗೊತ್ತಿರಲಾರದು. ಸೋಮಾರಿ, ಒಂದು ರೆಕ್ಕೆ ಕೆತ್ತಿ ಅದನ್ನೇ ಮಗುಚಿ ಇನ್ನೊಂದು ಮಾಡಿರುತ್ತಾನೆ. ಈ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಯಾರೋ ಪುಣ್ಯಾತ್ಮ, ಕೆಲಸ ಬಲ್ಲವನಿರಬೇಕು ಅಂದೆ.

ರೆಕ್ಕೆಯನ್ನು ಮತ್ತೆ ನೆಟ್ಟಗೆ ಕೂರಿಸಲೆಂದು ಅಂದೇ ಗರಗಸಕ್ಕೆ ಹೊಸ ಬ್ಲೇಡು ಹಾಕಿ ಮಾವನ ಕೈಗೆ ಕೊಟ್ಟೆ. ನಾನು ಕೊಯ್ಯಬಹುದಿತ್ತು, ಆದರೆ ಅದು ಅವರ ಕೈಯಲ್ಲೇ ಆಗಬೇಕಾದ ಕೆಲಸ. ಸೂಜಿಗಣ್ಣನ ಲೆಕ್ಕದಲ್ಲಿ ಇನ್ನು ಬಹುಮಾನ ಬರುವುದಿಲ್ಲ ಎಂದು ಗೊತ್ತಿತ್ತು. ಬಹುಮಾನದ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೂ ನೌಕೆಯನ್ನು ಅಲುಗಾಡದಂತೆ ಹಿಡಿದುಕೊಂಡೆ. ಮಾವ ನನ್ನ ಗೆರೆಯಲ್ಲೇ ಕೊಯ್ದರು, ತಂತಿ ನೆಟ್ಟಗೆ ಮಾಡಿದರು, ರೆಕ್ಕೆ ಕೂರಿಸಿದರು. ಅಂಟು ಕ್ಷಣದಲ್ಲಿ ಹಿಡಿಯುವಂಥದ್ದು, ಕೈ ಬಿಡಬಹುದು ಎಂದೆ. ಅವರು ಬಿಡಲಿಲ್ಲ. ನಾನು ಚಹಾ ಮಾಡಿ ತಂದಾಗಲೂ ಎರಡು ಬೆರಳಿನಲ್ಲಿ ಹಿಡಿದುಕೊಂಡೇ ಕೂತಿದ್ದರು.

ಪ್ರದರ್ಶನದ ದಿನ ಯಾರೂ ಕರೆಯದೆಯೇ ಮಾವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮೊಣಕಾಲು ಹೇಗಿದೆ ಎಂದು ಮಗ ಕೇಳಿದ್ದಕ್ಕೆ, ಯಾವ ಮೊಣಕಾಲು ಎಂದರು. ಆದರೂ ಸಭಾಂಗಣದೊಳಗೆ ಬಂದ ಮೇಲೆ ಗೋಡೆಯ ಪಕ್ಕದ ಕುರ್ಚಿ ಹಿಡಿದರು. ಜನ ಬಂದು ಮಿಂಚುಳ್ಳಿ ನೋಡಿ ಹೋಗುತ್ತಿದ್ದರು, ಮಾವ ತುಟಿ ಬಿಚ್ಚಲಿಲ್ಲ. ನನ್ನ ಪಂಥ ಮುಳುಗಿತು ಅಂದುಕೊಂಡೆ. ಪಂಥ ಹಾಳಾಗಲಿ, ಬಂದರಲ್ಲ, ಅಷ್ಟು ಸಾಕು ಅಂತಲೂ ಅಂದುಕೊಂಡೆ.

ಆಮೇಲೆ ಸೂಜಿಗಣ್ಣ ಬಂದರು. ಭೂತಗಾಜು ಕಣ್ಣಿಗೇರಿಸಿ ಕೊಕ್ಕಿಗೆ ತಲೆದೂಗಿದರು, ಹೊಟ್ಟೆಗೆ ತಲೆದೂಗಿದರು. ರೆಕ್ಕೆಯ ಹತ್ತಿರ ಬಂದು ನಾಲಿಗೆ ಲೊಚಗುಟ್ಟಿದರು. ಎಲ್ಲವನ್ನೂ ತಿದ್ದಿ, ಇಡೀ ಊರಿಗೆ ಗೊತ್ತಿರುವ ಸೊಟ್ಟ ರೆಕ್ಕೆಯನ್ನು ಕಿಟ್ಟಿನಲ್ಲಿದ್ದ ಹಾಗೆ ನೆಟ್ಟಗೇ ಬಿಟ್ಟಿದ್ದೀರಲ್ಲ ಎಂದು ಜೋರಾಗಿಯೇ ಹೇಳಿದರು. ಸುತ್ತಲಿನವರು ಬಗ್ಗಿ ನೋಡಿದರು. ನಾನು ಸೆರಗು ಬಿಗಿದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು.

ಮಾವ ಎದ್ದು ಬಂದು ಮೇಜಿನ ಮುಂದೆ ನಿಂತರು.

"ಸೊಟ್ಟ ಅಂತಿದ್ದದ್ದು ನನ್ನನ್ನ," ಅಂದರು. "ರೆಕ್ಕೆ ನಾನು ನೆಟ್ಟಗೇ ಮಾಡಿದ್ದೆ. ಇದು ನನ್ನದು."

ಸೂಜಿಗಣ್ಣ ಭೂತಗಾಜು ತೆಗೆದು ಜೇಬಿಗೆ ಹಾಕಿಕೊಂಡು, ಬರಿಗಣ್ಣಿನಲ್ಲಿ ಮಾವನ ಮುಖ ನೋಡಿದರು. ಆಮೇಲೆ ಎರಡು ಕೈ ಚಾಚಿ ಮಾವನ ಕೈ ಹಿಡಿದುಕೊಂಡು, ಬಹಳ ವರ್ಷದಿಂದ ಕೇಳಬೇಕಿತ್ತು ಸಾರ್, ತಮ್ಮ ಹೆಸರೇನು ಎಂದರು. ಮಾವ ಹೆಸರು ಹೇಳಿದರು. ಹಿಂದೆ ನಿಂತವರಿಗೆ ಕೇಳಿಸಲಿಲ್ಲವೇನೋ, ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದರು.