ಎಡಗಡೆಯ ಚಕ್ರ

ಹನ್ನೆರಡನೆಯ ಫೋಟೋ ತೆಗೆದವನೇ ದಸ್ತಗೀರ್ ಬಾಂಬರ್ ವಿಮಾನದ ರೆಕ್ಕೆಯ ನೆರಳಿಗೆ ಸರಿದು ಕ್ಯಾಮೆರಾದ ಬೆನ್ನು ತೆರೆದ. ಮುಗಿದ ರೋಲನ್ನು ಹೊರಗೆ ತೆಗೆದು, ಅದರ ಕಾಗದದ ಪಟ್ಟಿಗೆ ನಾಲಿಗೆ ತಾಗಿಸಿ, ಲಕೋಟೆ ಅಂಟಿಸುವವನ ಹಾಗೆ ಅಂಟಿಸಿ ಎಡಜೇಬಿಗೆ ಇಳಿಸಿದ. ಬಲಜೇಬಿನಲ್ಲಿ ಇನ್ನೊಂದು ಹೊಸ ರೋಲ್ ಇತ್ತು. ಅದು ಮಧ್ಯಾಹ್ನ ನಡೆಯಲಿದ್ದ ವಿಮಾನಗಳ ಹಾರಾಟಕ್ಕೆಂದು ಎತ್ತಿಟ್ಟದ್ದು.

ಚೀನಾ ಯುದ್ಧವಾದ ಮೇಲೆ ಫಿಲಂ ಸಿಗುವುದೇ ಅಪರೂಪವಾಗಿತ್ತು. ಯಶವಂತಪುರದಲ್ಲಿ ಸ್ಟುಡಿಯೋ ಇಟ್ಟಿದ್ದ ಅವನ ಚಾಚಾ ಎರಡೇ ಎರಡು ರೋಲು ಕೈಗಿಟ್ಟು, ಇದರಲ್ಲಿ ಒಂದು ಪಟವಾದರೂ ಪೇಪರಿನಲ್ಲಿ ಬರದಿದ್ದರೆ ಇನ್ನು ಮುಂದೆ ಕ್ಯಾಮೆರಾ ಮುಟ್ಟಬೇಡ ಎಂದಿದ್ದ. ಯಲಹಂಕದ ವಿಮಾನ ಮೈದಾನದೊಳಕ್ಕೆ ಊರ ಜನರನ್ನು ಬಿಟ್ಟದ್ದು ಆ ಒಂದು ದಿನ ಮಾತ್ರ. ಮಹಾಯುದ್ಧದಲ್ಲಿ ಹಾರಿ ದಣಿದಿದ್ದ ಹಳೆಯ ವಿಮಾನಗಳನ್ನು ಸಾಲಾಗಿ ನಿಲ್ಲಿಸಿ, ಸುತ್ತ ಹಗ್ಗ ಕಟ್ಟಿ, ಇವುಗಳ ಫೋಟೋ ಬೇಕಾದರೆ ತೆಗೆದುಕೊಳ್ಳಬಹುದು ಎಂದು ಹಲಗೆ ನೆಟ್ಟಿದ್ದರು.

"ಎಂಜಿನ್ ಬಿಚ್ಚಿಬಿಟ್ಟಿದಾರೆ ನೋಡು ಗುರು," ಎಂದ ಜೊತೆಗಾರ ಕೃಷ್ಣಯ್ಯ. "ಇದು ಇನ್ಮೇಲೆ ವಿಮಾನ ಅಲ್ಲ, ಬರೀ ಅವಮಾನ."

ಕೃಷ್ಣಯ್ಯ ಬಿ.ಎ. ಕೊನೆಯ ವರ್ಷದಲ್ಲಿದ್ದ. ಅವನ ಗಂಟಲಲ್ಲಿ ಅರ್ಧ ಬೆಂಗಳೂರು ವಾಸವಾಗಿತ್ತು. ಇಂಗ್ಲಿಷ್ ಮೇಷ್ಟರ ಕೆಮ್ಮು, ರೇಡಿಯೋದಲ್ಲಿ ವಾರ್ತೆ ಓದುವವರ ಗಾಂಭೀರ್ಯ, ಗೂಡ್ಸ್ ಗಾಡಿ ಯಶವಂತಪುರದಲ್ಲಿ ಡಬ್ಬಿ ಬದಲಾಯಿಸುವ ಸದ್ದು, ಎಲ್ಲವೂ ಬಾಯಿ ತೆರೆದರೆ ಹೊರಗೆ ಬರುತ್ತಿದ್ದವು. ಸ್ವಂತ ದನಿ ಯಾವುದೆಂದು ಮನೆಯವರಿಗೂ ಮರೆತುಹೋಗಿರಬೇಕು. ಬೆಳಗಿನಿಂದ ಅವನು ಬಿಳಿ ಸಾಹೇಬನೊಬ್ಬನ ದನಿಯಲ್ಲಿ ಒಂದೊಂದು ವಿಮಾನದ ಮುಂದೆಯೂ ಭಾಷಣ ಬಿಗಿಯುತ್ತ ಬಂದಿದ್ದ. ಹಿಂದೆ ಒಂದು ಚಿಕ್ಕ ಗುಂಪೇ ಸೇರಿತ್ತು.

ಆ ಗುಂಪಿಗೆ ಸೇರದೆ ನಿಂತಿದ್ದವನು ಬ್ಯಾಟರಾಯಪ್ಪ ಒಬ್ಬನೇ. ರಾಜಾನುಕುಂಟೆಯ ಕಡೆಯವನು, ಐವತ್ತು ದಾಟಿದವನು. ಒಗೆದು ಮಡಿಸಿದ ಗೆರೆ ಇನ್ನೂ ಉಳಿದಿದ್ದ ಅಂಗಿ ತೊಟ್ಟಿದ್ದ. ಅವನು ಯಾವ ವಿಮಾನವನ್ನೂ ತಲೆಯೆತ್ತಿ ನೋಡಲಿಲ್ಲ. ದೂರದ ಬಂಡೆಯನ್ನು ನೋಡುವನು, ಹಿಂದಕ್ಕೆ ತಿರುಗಿ ಬೇಲಿಯಾಚೆಯ ಅತ್ತಿಮರವನ್ನು ನೋಡುವನು, ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವನು. ಕೊನೆಗೆ ಬಾಂಬರಿನ ಎಡಗಡೆಯ ಚಕ್ರದ ಎದುರು ಬಂದು ನಿಂತ. ಕಾವಲಿನವನು ಸಾಲಿನ ಆ ತುದಿಯಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡು, ಹಗ್ಗದ ಕೆಳಗೆ ನುಸುಳಿ, ಕಾಂಕ್ರೀಟಿನ ಮೇಲೆ ಬಾಳೆಲೆ ಹಾಸಿದ. ಚೀಲದಿಂದ ಒಂದು ಹಿಡಿ ಕಡಲೆಪುರಿ, ಬೆಲ್ಲದ ಚೂರು, ಪುಟ್ಟ ಲೋಟದಲ್ಲಿ ಹಾಲು ತೆಗೆದು ಇಟ್ಟ. ಆಮೇಲೆ ಎರಡು ಬಳೆ, ಬೆರಳು ತೂರುವಷ್ಟು ಚಿಕ್ಕವು.

"ಆಯುಧಪೂಜೆ ಈ ಸಲ ಮುಂಚೇನೇ ಬಂತು," ಎಂದ ಕೃಷ್ಣಯ್ಯ. ಗುಂಪು ನಕ್ಕಿತು.

ಬ್ಯಾಟರಾಯಪ್ಪನೂ ಸ್ವಲ್ಪ ನಕ್ಕ. ಕ್ಯಾಮೆರಾ ಕಂಡು ಹಗ್ಗ ದಾಟಿ ನೇರ ದಸ್ತಗೀರನ ಹತ್ತಿರ ಬಂದು ಕೈಮುಗಿದ.

"ಬುದ್ದಿ, ಒಂದ್ ಪಟ ಇಡ್ಕೊಡ್ತೀರಾ? ಇಲ್ಲಿ ನಮ್ ಒಲ ಇತ್ತು, ಯುದ್ದದ್ ವರ್ಸ ಬಿಟ್ಕೊಟ್ವಿ. ಆ ಬಂಡೆ, ಈ ಅತ್ತಿಮರ, ಎಲ್ಡೂ ಒಂದೇ ಗೆರೆಗೆ ಬರೋ ಜಾಗ್ದಾಗೆ ನಮ್ ಕೂಸ್ನ ಮಣ್ಣಾಗ್ ಮಡಗಿರಾದು. ಅದೋ, ಆ ಚಕ್ರದ್ ಕೆಳಗೆ."

ಮಿಕ್ಕದ್ದನ್ನು ಅವನು ತಡೆತಡೆದು ಹೇಳಿದ. ಹೆಂಡತಿ ಮಾರಮ್ಮ ಪ್ರತಿವರ್ಷ ಬೇಲಿಯ ಆಚೆ ನಿಂತು ಒಳಕ್ಕೆ ಪುರಿ ಎಸೆದು ಹೋಗುತ್ತಿದ್ದಳಂತೆ. ಈಗ ಕಾಲು ಬಿದ್ದುಹೋಗಿ ಹಾಸಿಗೆ ಹಿಡಿದಿದ್ದಾಳೆ, ಊಟವೂ ಸೇರುತ್ತಿಲ್ಲ. ಕಣ್ಣು ಮುಚ್ಚುವುದರೊಳಗೆ ಒಂದು ಸಲ ಆ ಜಾಗ ನೋಡಬೇಕು ಅನ್ನುತ್ತಾಳೆ. ಹೊತ್ತು ತರುತ್ತೇನೆಂದರೂ ಆಗಲಿಲ್ಲ. ಪಟವಾದರೆ ಕೈಯಲ್ಲೇ ಹಿಡಿದು ನೋಡಬಹುದಲ್ಲ.

ದಸ್ತಗೀರ್ ಬಲಜೇಬಿಗೆ ಕೈ ಹಾಕಿದ. ಕೃಷ್ಣಯ್ಯ ಅವನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದ.

"ಲೋ, ಈಗ ಹೊಸ ರೋಲ್ ಹಾಕಿದ್ರೆ ಮಧ್ಯಾಹ್ನ ಯಾವುದ್ರಲ್ಲಿ ಹಿಡೀತೀಯಾ? ಪೇಪರ್ನೋರು ಬಾಳೆಲೆ ಫೋಟೋ ಹಾಕ್ಕೋತಾರಾ?"

"ಹಂಗಾದ್ರೆ ಇಲ್ಲ ಅಂತ ಹೇಳ್ಬಿಡ್ತೀನಿ ಕಣೋ."

"ಯಾಕೆ ಇಲ್ಲ ಅಂತೀಯಾ? ಸುಮ್ನೆ ಕ್ಲಿಕ್ ಮಾಡು. ನೋಡ್ತಿರು."

ದಸ್ತಗೀರನ ಜೇಬಿನಿಂದ ಬರಿಗೈ ಹೊರಬಂತು. ಖಾಲಿ ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದು, ಅದರ ಮೇಲಿನ ಗಾಜಿನತ್ತ ಅವನು ಬಗ್ಗಿದ.

ಕೃಷ್ಣಯ್ಯ ಮೊದಲು ಮರ್ಯಾದೆಯಿಂದಲೇ ಶುರುಮಾಡಿದ. ಯಜಮಾನ್ರು ಹಗ್ಗದ ಒಳಕ್ಕೆ ಹೋಗಬೇಕು, ಯಜಮಾನ್ರು ಅಂಗಿಯ ಗುಂಡಿ ಹಾಕಿಕೊಳ್ಳಬೇಕು, ಯಜಮಾನ್ರು ಚಕ್ರಕ್ಕೆ ಕೆನ್ನೆ ಆನಿಸಬೇಕು. ಬ್ಯಾಟರಾಯಪ್ಪ ಹೇಳಿದ್ದನ್ನೆಲ್ಲ ಮಾಡಿದ. ಪ್ರತಿ ಕ್ಲಿಕ್ಕಿಗೂ ಉಸಿರು ಬಿಗಿಹಿಡಿದು, ಆಮೇಲೆ ಬಿಟ್ಟು, ಪಟ ಬಿತ್ತಾ ಎಂದು ಕೇಳುತ್ತಿದ್ದ. ಬಿತ್ತು ಎಂದು ಗುಂಪೇ ಉತ್ತರ ಕೊಡುತ್ತಿತ್ತು. ಕಡಲೆಕಾಯಿ ತಿನ್ನುತ್ತ ಹೋಗುತ್ತಿದ್ದವರೂ ನಿಂತರು.

ಜನ ಹೆಚ್ಚಿದಂತೆ ಕೃಷ್ಣಯ್ಯನಿಗೆ ಅಮಲೇರಿತು. ಅವನು ಸಾಹೇಬನ ದನಿಗೆ ಇಳಿದ.

"ಏ ತುಮ್! ಸೀದಾ ಕಡಾ ರಹೋ! ಹಿಲೋ ಮತ್, ಅಲ್ಲಾಡ್ಬೇಡ!"

ಯಾರೂ ಎಣಿಸದ ಒಂದು ಸಂಗತಿ ಆಗ ನಡೆಯಿತು. ಬ್ಯಾಟರಾಯಪ್ಪನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು, ಮುಖದ ನಗು ಆರಿತು. ಮಹಾಯುದ್ಧದ ವರ್ಷ ಸರಪಳಿ ಹಿಡಿದು ಹೊಲ ಅಳೆಯಲು ಬಂದ ಸಾಹೇಬನ ದನಿಯೂ ಹೀಗೇ ಇದ್ದಿರಬೇಕು. ಬ್ಯಾಟರಾಯಪ್ಪ ಅಂದು ನಿಂತಿದ್ದ ಹಾಗೆಯೇ ಇಂದೂ ನಿಂತ, ಕಣ್ಣು ನೆಲದಲ್ಲಿ. ಆ ನಿಲುವು ಜನರಿಗೆ ಎಲ್ಲಕ್ಕಿಂತ ಹೆಚ್ಚು ರುಚಿಸಿತು. ಸಲಾಮು ಹೊಡೆ ಅಂದ ಸಾಹೇಬ, ಹೊಡೆದ. ಎಡಗೈಯಲ್ಲಿ ಅಂದ, ಎಡಗೈಯಲ್ಲಿ ಹೊಡೆದ.

"ಸಾಕು ಬಿಡೋ," ಎಂದ ದಸ್ತಗೀರ್, ಬಗ್ಗಿದ ತಲೆ ಎತ್ತದೆ.

"ಕೊನೇದು ಒಂದು. ಅಮ್ಮನವ್ರಿಗೆ ತೋರ್ಸೋಕೆ ಚೆನ್ನಾಗಿರೋದು ಬೇಡ್ವಾ?" ಕೃಷ್ಣಯ್ಯ ಮತ್ತೆ ಸಾಹೇಬನಾದ. "ತುಮಾರಾ ಬಚ್ಚಾ ಕಿದರ್? ಉಠಾವ್! ಕೂಸನ್ನ ಎತ್ಕೋ, ಎತ್ಕೊಂಡ್ ತೋರ್ಸು!"

ಬ್ಯಾಟರಾಯಪ್ಪ ಒಂದು ಗಳಿಗೆ ಎಲೆಯ ಮೇಲಿನ ಬಳೆಗಳನ್ನು ನೋಡಿದ. ಆಮೇಲೆ ಬಗ್ಗಿ, ಚಕ್ರದ ಬುಡದಿಂದ ಏನನ್ನೋ ಬಾಚಿಕೊಂಡವನಂತೆ ಎದ್ದು, ಎರಡೂ ಕೈಗಳನ್ನು ಎದೆಗೆ ಮಡಚಿಕೊಂಡ. ಗುಂಪಿನಲ್ಲಿದ್ದ ಒಬ್ಬಳು ಹೆಂಗಸು ಸೆರಗು ಬಾಯಿಗೆ ಒತ್ತಿ ಹೊರಟುಹೋದಳು. ಉಳಿದವರು ಹಾಗೇ ನಿಂತಿದ್ದರು.

ಕ್ಲಿಕ್ ಎಂದಿತು.

ಕೃಷ್ಣಯ್ಯ ದಸ್ತಗೀರನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು, ಹಗ್ಗದ ಮೇಲೆ ಬಾಗಿ, ಬೆನ್ನಿನ ಬಾಗಿಲನ್ನು ಬ್ಯಾಟರಾಯಪ್ಪನ ಮುಖದ ಎದುರಿಗೇ ತೆರೆದ. ಒಳಗೆ ಕಪ್ಪು ಬಳಿದ ಗೂಡು. ಒಂದು ಬರಿಯ ಉರುಳೆ ಗಡಗಡ ಅಂದಿತು.

ಬ್ಯಾಟರಾಯಪ್ಪ ಕತ್ತು ಮಾತ್ರ ಮುಂದೆ ಚಾಚಿ ಆ ಗೂಡಿನೊಳಗೆ ಬಹಳ ಹೊತ್ತು ಹುಡುಕಿದ.

"ಒಳಗ್ ಬಿದ್ದಿಲ್ವಾ, ಬುದ್ದಿ?"

"ಬೀಳೋಕೆ ಒಳಗೆ ಫಿಲಂ ಇರ್ಬೇಕಲ್ಲ ಯಜಮಾನ್ರೇ."

ಗುಂಪು ಒಮ್ಮೆಗೇ ಸ್ಫೋಟಿಸಿತು. ಹಿಂದೆ ನಿಂತವರಿಗೆ ಮುಂದಿನವರು ವಿವರಿಸಿದರು, ಅವರೂ ನಕ್ಕರು. ಕಾವಲಿನವನು ಆ ತುದಿಯಿಂದ ಇತ್ತ ನಡೆದು ಬರತೊಡಗಿದ. ದಸ್ತಗೀರ್ ಬಲಜೇಬನ್ನು ಹೊರಗಿನಿಂದ ಅಂಗೈಯಲ್ಲಿ ಮುಚ್ಚಿಕೊಂಡು ಚಕ್ರವನ್ನೇ ನೋಡುತ್ತಿದ್ದ.

ಬ್ಯಾಟರಾಯಪ್ಪ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದ. ಎಲ್ಲ ಮುಖಗಳೂ ಅವನಿಂದ ಏನನ್ನೋ ಕಾಯುತ್ತಿದ್ದವು. ಆಗ ಅವನು ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತೆರೆದು, ಆಮೇಲೆ ವಿಮಾನದ ಆ ಹಳೆಯ ತಗಡಿನ ಹೊಟ್ಟೆಗೆ ತಾಗಿ ತಿರುಗಿ ಬರುವಷ್ಟು ಜೋರಾಗಿ. ಮಿಕ್ಕವರು ನಕ್ಕು ಮುಗಿಸಿದರು, ಕೃಷ್ಣಯ್ಯನೂ ಮುಗಿಸಿದ, ಬ್ಯಾಟರಾಯಪ್ಪನದು ಮುಗಿಯಲಿಲ್ಲ. ಎದೆಗೆ ಮಡಚಿದ್ದ ಕೈಗಳನ್ನು ಇಳಿಸಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಗುವಿಗೆ ಮೈಯೆಲ್ಲ ಕುಲುಕಿದಾಗ ಅವನ ಎಡಗೈ ಮೆಲ್ಲನೆ ಮೇಲಕ್ಕೆ ಸರಿದು, ಕೂಸಿನ ಕತ್ತು ಅಲುಗದಂತೆ, ಆನಿಸಿ ಹಿಡಿಯಿತು.