ಮಾಚನ ನಾಲ್ಕು ನಿಮಿಷ

ಮಾಚ ಆವತ್ತು ಮಾತಾಡಿದ್ದನೇ?

ಇಲ್ಲ, ಮಾತಾಡಿರಲಿಲ್ಲ. ಅಥವಾ ಮಲ್ಲೇಶನಿಗೇ ಮರೆತಿದೆಯೋ? ಹನ್ನೊಂದು ಸಲ ನೋಡಿದ್ದನ್ನು ಮರೆಯುವುದಾದರೂ ಹೇಗೆ? ಹೊಳೆಯ ದಂಡೆ, ಮೊಣಕಾಲವರೆಗೆ ನೀರಿನಲ್ಲಿ ನಿಂತ ತಾಯಿ, ‘ನಿನ್ನ ತಮ್ಮನ್ನ ಎಲ್ಲಿ ಬಿಟ್ಟು ಬಂದ್ಯೋ’ ಎಂಬ ಅವಳ ಒಂದೇ ಪ್ರಶ್ನೆ, ಮಾಚನ ಮುಖ, ಆಮೇಲೆ ಬರೀ ನೀರು. ಆ ನೀರಿನ ಮೇಲೆ ಹೆಸರುಗಳು ಏಳುತ್ತಿದ್ದವು, ಚಿತ್ರ ಮುಗಿಯುತ್ತಿತ್ತು. ಮಲ್ಲೇಶನಿಗೆ ಅದು ತನ್ನ ಮನೆಯ ಬಾಗಿಲು ಎತ್ತ ತೆರೆಯುತ್ತದೆ ಎಂಬುದರಷ್ಟೇ ಚೆನ್ನಾಗಿ ಗೊತ್ತಿತ್ತು. ಆದರೆ ಈಗ ಪರದೆಯ ಮೇಲೆ ಅದೇ ಹೊಳೆಯ ದಂಡೆಯಲ್ಲಿ, ಅದೇ ಹರಿದ ಅಂಗಿಯಲ್ಲಿ, ಹದಿನಾಲ್ಕು ವರ್ಷ ಹಿಂದಿನ ಮಾಚ ಬಾಯಿ ತೆರೆದು ಮಾತಾಡುತ್ತಿದ್ದ. ನಿಲ್ಲಿಸದೆ ಮಾತಾಡುತ್ತಿದ್ದ.

‘ಕರಿಕಲ್ಲು’ ನಾಲ್ಕನೆಯ ಭಾಗದ ಮೊದಲ ದಿನದ ಬೆಳಗಿನ ಆಟ ಅದು. ಇದೇ ಕೊನೆಯ ಭಾಗ ಎಂದು ಊರ ತುಂಬ ಪೋಸ್ಟರ್ ಅಂಟಿಸಿದ್ದರು. ಕಲ್ಲುಗಣಿಯ ಕೂಲಿ ಮಾಚನ ಕತೆಯನ್ನು ಮಲ್ಲೇಶ ಪಿಯುಸಿಯಲ್ಲಿದ್ದಾಗಿನಿಂದ ಕಾಯುತ್ತ ಬಂದಿದ್ದ. ಕನಕಗಿರಿ ತಾಲೂಕು ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದವನು ರಜೆ ಹಾಕಿ ಗಂಗಾವತಿಗೆ ಬಂದು, ಗೆಳೆಯ ಜಮೀರನನ್ನು ಎಬ್ಬಿಸಿಕೊಂಡು ಟಾಕೀಜಿಗೆ ಬಂದಿದ್ದ.

ಮೊದಲ ಭಾಗದಲ್ಲಿ ಗಣಿಯ ಕಲ್ಲು ಕುಸಿದು ಮಾಚನ ತಮ್ಮ ಸಾಯುತ್ತಾನೆ. ಆ ಸಾವಿನ ಮೇಲೆ ಮೂರು ಚಿತ್ರಗಳು ನಿಂತಿದ್ದವು. ಈಗ ನಾಲ್ಕನೆಯದರಲ್ಲಿ ಆ ತಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಹೆಲಿಕಾಪ್ಟರಿನಿಂದ ಇಳಿದು ಬಂದ. ಅವನೇ ಖಳನಾಯಕ. ಅವನು ಬದುಕಿದ್ದು ಹೇಗೆ ಎಂದು ತಿಳಿಸಲಿಕ್ಕೆಂದೇ ಮೊದಲ ಭಾಗದ ಕೊನೆಯ ಆ ಹೊಳೆದಂಡೆಯ ದೃಶ್ಯ ಹಾಕಿದ್ದರು. ಅದರಲ್ಲಿ ಮಾಚ ತಾಯಿಯ ಕಾಲು ಹಿಡಿದು, ಹೆಣ ನಾನು ಕಣ್ಣಾರೆ ನೋಡಲಿಲ್ಲ, ಹೆದರಿ ಓಡಿ ಬಂದೆ, ತಪ್ಪಾಯಿತವ್ವಾ ಎಂದು ಅಳುತ್ತ ಎದೆ ಬಡಿದುಕೊಳ್ಳುತ್ತಿದ್ದ. ಮೂಗು ಸೋರುತ್ತಿತ್ತು.

ಮಲ್ಲೇಶನಿಗೆ ಆ ಮೂಗು ಕಂಡು ಹೇಸಿಗೆಯಾಯಿತು. ಇದು ಸುಳ್ಳು. ಈಗಿನ ಕತೆಗೆ ಹೊಂದಲಿ ಎಂದು ಕಂಪ್ಯೂಟರಿನಲ್ಲಿ ವಯಸ್ಸು ಇಳಿಸಿ ಹೊಸದಾಗಿ ಮಾಡಿಕೊಂಡಿದ್ದಾರೆ. ಹಳೆಯ ಗೋರಿ ಅಗೆದು ಎಲುಬಿಗೆ ಅಂಗಿ ತೊಡಿಸಿದ್ದಾರೆ.

ಪಕ್ಕದಲ್ಲಿ ಜಮೀರ ಕಾಲು ಮೇಲೆ ಹಾಕಿಕೊಂಡು ಆರಾಮಾಗಿದ್ದ. ಕೊನೆಯ ಹೊಡೆದಾಟ ಶುರುವಾದಾಗ ಮೊಣಕೈಯಿಂದ ತಿವಿದ. “ಲೇ, ಅದು ನಮ್ಮ ಸಾಣಾಪುರ ಕೆರಿ ಅಲ್ಲೇನಲೇ? ತೆಪ್ಪದಾಂವ ನೋಡು, ಹೋದ ಐತಾರ ನಮ್ಮನ್ನ ಕುಂದರಿಸ್ಕೊಂಡಾಂವ ಅವನಾ.”

ಪರದೆಯ ಮೇಲೆ ಅದನ್ನು ಕಾವೇರಿ ಎನ್ನುತ್ತಿದ್ದರು. ಕಾವೇರಿಯ ನಡುವೆ ಅಣ್ಣ ತಮ್ಮ ಎರಡು ತೆಪ್ಪಗಳಲ್ಲಿ ನಿಂತು ಮಷೀನ್ ಗನ್ನಿನಿಂದ ಹೊಡೆದಾಡಿದರು. ಹೊಡೆದಾಡುವಾಗಲೂ ಮಾತು. ಗುಂಡು ತಗಲಿದ ಮೇಲೂ ಮಾತು. ಮುದಿ ಮಾಚ ಬಣ್ಣ ಹಚ್ಚಿದ ಗಡ್ಡದಲ್ಲಿ, ಜನರ ಕಡೆ ಬೆರಳು ತೋರಿಸಿ ತಾಯಿಯ ಮಹಿಮೆ ಹೇಳಿದ. ಹಿಂದಿನ ಸಾಲಿನ ಹುಡುಗರು ಸೀಟಿ ಹೊಡೆದರು. ದೀಪ ಹತ್ತಿದಾಗ ಮಲ್ಲೇಶ ಯಾರ ಮುಖವನ್ನೂ ನೋಡದೆ, ನೆಲದ ಮೇಲೆ ಬಿದ್ದಿದ್ದ ಪಾಪ್‌ಕಾರ್ನ್ ತುಳಿಯುತ್ತ ಹೊರಗೆ ಬಂದ. ಚಪ್ಪಲಿಗೆ ಅಂಟಿದ್ದನ್ನು ಮೆಟ್ಟಿಲಿಗೆ ಉಜ್ಜಿದ. ಹೋಗಲಿಲ್ಲ.

ಜಮೀರನಿಗೆ ಚಿತ್ರ ಇಷ್ಟವಾಗಿತ್ತು. ಹೊಳೆದಂಡೆಯ ಮಾತು ಹೊಸದಲ್ಲ, ಟೀವಿಯಲ್ಲಿ ಹಾಕಿದಾಗೆಲ್ಲ ಬರುತ್ತದೆ ಎಂದ. ಟೀವಿಗೆ ಆಮೇಲೆ ಸೇರಿಸಿದ್ದು ಎಂದ ಮಲ್ಲೇಶ. ಈ ಉತ್ತರವನ್ನು ಅವನು ಹಿಂದೆಯೂ ಕೊಟ್ಟಿದ್ದ. ಧಾರವಾಡದ ಹಾಸ್ಟೆಲಿನಲ್ಲಿ ಹಾವೇರಿಯ ಹುಡುಗನೊಬ್ಬ ಈ ಮಾತುಗಳನ್ನು ಮಿಮಿಕ್ರಿ ಮಾಡಿದಾಗ, ಅಂಥ ಮಾತೇ ಚಿತ್ರದಲ್ಲಿಲ್ಲ ಎಂದು ಎದ್ದು ನಿಂತು ಹೇಳಿ, ಎಲ್ಲರ ನಗೆಗೆ ಈಡಾಗಿ, ಆ ಹುಡುಗನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ. ಟೀವಿಯಲ್ಲಿ, ಮೊಬೈಲಿನಲ್ಲಿ ಆ ಚಿತ್ರವನ್ನು ಅವನು ನೋಡಲೇ ಇಲ್ಲ. ಸಾಬೂನಿನ ಜಾಹೀರಾತುಗಳ ನಡುವೆ ಆ ನೀರನ್ನು ನೋಡುವುದು ಅವನಿಗೆ ಆಗದ ಮಾತಾಗಿತ್ತು.

“ನಿಮ್ಮಪ್ಪ ಇದಾ ಟಾಕೀಜಿನ್ಯಾಗ ನೂರು ದಿನ ಅದರ ರೀಲು ನಡಿಸ್ಯಾರ. ಅವರನ್ನ ಕೇಳೂಣು ನಡಿ,” ಎಂದ ಮಲ್ಲೇಶ.

“ಕೇಳಾಕೇನು, ಬಾ. ಸೋತಾಂವ ಬಿರಿಯಾನಿ ಕೊಡಸ್ಬೇಕು,” ಎಂದ ಜಮೀರ.

ಬೈಕಿನ ಹಿಂದೆ ಕೂತ ಮಲ್ಲೇಶನಿಗೆ ಬಿರಿಯಾನಿಯ ಯೋಚನೆ ಇರಲಿಲ್ಲ. ಕೇಳದೆ ಸುಮ್ಮನೆ ಕನಕಗಿರಿಯ ಬಸ್ಸು ಹತ್ತಿಬಿಡಲೇ ಎಂದೂ ಅನಿಸಿತು. ಆ ಹೊಳೆದಂಡೆಯ ಮೌನದ ಮೇಲೆ ಅವನು ಒಂದು ಚಿತ್ರಕ್ಕಿಂತ ಹೆಚ್ಚಿನದನ್ನು ಒರಗಿಸಿ ನಿಲ್ಲಿಸಿದ್ದ.

ಮೊದಲ ಸಲ ಆ ಚಿತ್ರಕ್ಕೆ ಅವನನ್ನು ಕರೆದುಕೊಂಡು ಹೋದವನು ಅಪ್ಪ ಓಬಳೆಪ್ಪ. ಎಡದಂಡೆ ಕಾಲುವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ, ವರ್ಷಕ್ಕೆ ಒಂದು ಸಿನಿಮಾ ನೋಡುವ ಮನುಷ್ಯ. ಹನ್ನೊಂದನೆಯ ಸಲ ಮಲ್ಲೇಶ ಒಬ್ಬನೇ ಹೋದದ್ದು ಕೊಪ್ಪಳದಲ್ಲಿ ಐಟಿಐ ಸಂದರ್ಶನ ಇದ್ದ ದಿನ. ಅಪ್ಪ ಕಾಲುವೆಯ ಇಂಜಿನಿಯರರ ಕೈಕಾಲು ಹಿಡಿದು ಹೇಳಿಸಿದ್ದ ಸೀಟು ಅದು. ಮಧ್ಯಂತರದಲ್ಲಿ ಚಹಾದ ಕಟ್ಟೆಯ ಹತ್ತಿರ ಅಪ್ಪ ನಿಂತಿದ್ದ, ಮೊಣಕಾಲಿನ ತನಕ ಕೆಸರು. ಎಲ್ಲರೆದುರಿಗೆ ಕಪಾಳಕ್ಕೆ ಹೊಡೆದ.  ಮಲ್ಲೇಶ ಅಪ್ಪನ ಮುಖವನ್ನು ಮಾಚ ನೀರನ್ನು ನೋಡಿದ ಹಾಗೆ ನೋಡಿ, ಒಳಗೆ ಹೋಗಿ ಚಿತ್ರ ಪೂರ್ತಿ ನೋಡಿದ.

ಆಮೇಲೆ ಎಂಟು ತಿಂಗಳು ಅಪ್ಪನ ಜೊತೆ ಮಾತಿಲ್ಲ. ಏನಿದ್ದರೂ ಅವ್ವ ಪಕ್ಕೀರವ್ವನ ಮೂಲಕ. ನಿಮ್ಮಪ್ಪ ಕೇಳಾಕತ್ಯಾನ, ನಿನ್ನ ಮಗ ಹೇಳಾಕತ್ಯಾನ ಎಂದು ಅವಳು ಒಂದೇ ಕೋಣೆಯಲ್ಲಿ ಕುಳಿತ ಇಬ್ಬರ ನಡುವೆ ಮಾತು ಹೊತ್ತು ಸೋತಿದ್ದಳು. ಕಾಮಾಲೆ ತಲೆಗೇರಿ ಅಪ್ಪ ಕೊಪ್ಪಳದ ಆಸ್ಪತ್ರೆ ಸೇರಿದಾಗ ಸಿಟ್ಟು ಯಾವಾಗಲೋ ಹೋಗಿತ್ತು. ಒಂದು ಮಧ್ಯಾಹ್ನ ಅವ್ವ ಹೊರಗೆ ಹೋಗಿದ್ದಳು. ಅಪ್ಪ ಹಳದಿ ಕಣ್ಣು ಬಿಟ್ಟು ಕೇಳಿದ: “ಇನ್ನೂ ಸಿಟ್ಟೈತೇನೋ ಮಲ್ಲ್ಯಾ?”

ಮಲ್ಲೇಶ ಉತ್ತರ ಕೊಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ನಿಂತ. ಸಿಟ್ಟಿಲ್ಲ ಎಂದು ಹೇಳುವುದು ಅಗ್ಗ ಎನಿಸಿತ್ತು. ಹೇಳದೆ ನಿಂತರೆ ಎಲ್ಲವೂ ಹೇಳಿದ ಹಾಗೆ ಎಂದು, ಟಾಕೀಜಿನಲ್ಲಿ ಮುನ್ನೂರು ಜನಕ್ಕೆ ಅರ್ಥವಾದದ್ದು ಒಬ್ಬ ಅಪ್ಪನಿಗೆ ಅರ್ಥವಾಗದೇ ಇರುತ್ತದೆಯೇ ಎಂದು ಅವನು ನಂಬಿದ್ದ. ಮೂರನೆಯ ದಿನ ಅಪ್ಪ ಸತ್ತ. ಈ ಹದಿಮೂರು ವರ್ಷ ಆ ಕಿಟಕಿಯ ನೆನಪು ಬಂದಾಗಲೆಲ್ಲ ಮಲ್ಲೇಶ ಹೊಳೆದಂಡೆಯ ಮಾಚನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಸಮಾಧಾನ ಮಾಡಿಕೊಂಡಿದ್ದ. ಮಾಚ ಅಲ್ಲಿ ಮಾತಾಡಿದ್ದರೆ ಈ ಸಮಾಧಾನ ಎಲ್ಲಿಯದು?

ಜಮೀರನ ಅಂಗಡಿ ಬೈಕಿನ ಸೀಟು ಹೊಲಿಯುವ ಅಂಗಡಿ. ಅವನ ಅಪ್ಪ ಶಫೀಸಾಬ ನೆಲದ ಮೇಲೆ ಕುಳಿತು ರೆಕ್ಸಿನ್ ಕತ್ತರಿಸುತ್ತಿದ್ದ. ಇಪ್ಪತ್ತಾರು ವರ್ಷ ಆ ಟಾಕೀಜಿನಲ್ಲಿ ರೀಲು ನಡೆಸಿದವನು. ರೀಲು ಹೋಗಿ ಕಂಪ್ಯೂಟರು ಬಂದ ವರ್ಷ ಕೆಲಸ ಬಿಟ್ಟಿದ್ದ. ಕತ್ತರಿ ಮಾತ್ರ ಬಿಟ್ಟಿರಲಿಲ್ಲ.

ಜಮೀರ ಬಿರಿಯಾನಿಯ ಪಂದ್ಯ ಹೇಳಿದ. ಮುದುಕ ನಗುತ್ತ, ಬಾಯಿಯ ಎಲೆ ಅಡಿಕೆ ಉಗುಳಿ ಬಂದು ಕೂತ.

“ಚಾಚಾ, ಫಸ್ಟ್ ಪಾರ್ಟು,” ಎಂದ ಮಲ್ಲೇಶ. “ಹೊಳಿದಂಡಿ ಸೀನು. ತಾಯಿ ಕೇಳಿದ ಮ್ಯಾಲ ಮಾಚ ಏನರ ಮಾತಾಡ್ಯಾನೇನ್ರಿ?”

“ಮಾತಾಡ್ಯಾನಲ್ಲಪ.”

“ನಾ ಇಲ್ಲೇ ನೋಡೀನ್ರಿ. ಹನ್ನೊಂದು ಸಲ.”

“ಇಲ್ಲೆ ನೋಡಿದ್ರ ಎಲ್ಲಿಂದ ಮಾತಾಡ್ತಾನ?” ಶಫೀಸಾಬ ಕತ್ತರಿಯ ಎರಡು ಬಾಯಿ ಬಿಚ್ಚಿ ಮುಚ್ಚಿ ತೋರಿಸಿದ. “ಮುನ್ನೂರಾ ಅರವತ್ತು ಫೂಟು. ಅಂದ್ರ ನಾಕು ಮಿನಿಟು. ನಾನಾ ತಗದೀನಿ.”

ಜಮೀರ ತೊಡೆ ತಟ್ಟಿದ. ಮುದುಕ ಹೇಳುತ್ತ ಹೋದ. ಆ ಚಿತ್ರದ್ದು ಈ ಕಡೆಗೆ ಬಂದದ್ದು ಒಂದೇ ಪ್ರಿಂಟು. ಮ್ಯಾಟಿನಿ ಮತ್ತು ಫಸ್ಟ್ ಶೋ ಗಂಗಾವತಿಗೆ, ಸೆಕೆಂಡ್ ಶೋ ಕನಕಗಿರಿಗೆ. ಫಸ್ಟ್ ಶೋ ಮುಗಿದ ಕೂಡಲೇ ರೀಲು ಸುತ್ತಿ ಡಬ್ಬಿ ತುಂಬಿ ಒಂಬತ್ತೂ ಹತ್ತರ ಕೊನೆಯ ಬಸ್ಸಿಗೆ ಹಾಕಬೇಕು. ಮೊದಲ ದಿನವೇ ಬಸ್ಸು ತಪ್ಪಿ, ಕನಕಗಿರಿಯ ಜನ ಅಲ್ಲಿನ ಟಾಕೀಜಿನ ಗೇಟು ಮುರಿದರು. ಮಾಲೀಕರು, ಎಲ್ಲಿಂದಾದರೂ ನಾಲ್ಕು ನಿಮಿಷ ತೆಗೆ ಎಂದರು.

“ಹಾಡು ತಗದ್ರ ಮಂದಿ ಖುರ್ಚಿ ಹರೀತಾರ. ಫೈಟ್ ತಗದ್ರ ನನ್ನ ಹರೀತಾರ. ಇದು ಬರೇ ಮಾತು. ಮಾಚನ ಮುಖಕ್ಕ ನೀರು ಜೋಡಿಸಿದೆ.” ತುಸು ಬಾಗಿ, ಕಣ್ಣು ಸಣ್ಣ ಮಾಡಿ ಕೇಳಿದ: “ಜಾಯಿಂಟ್ ಕಂಡಿತ್ತೇನು?”

“ಇಲ್ರಿ.”

“ಕಾಣಂಗಿಲ್ಲ,” ಎಂದ, ಬಹಳ ಸಂತೋಷದಿಂದ.

ತೆಗೆದ ಪಟ್ಟಿಯನ್ನು ಪ್ರಿಂಟು ವಾಪಸು ಕಳಿಸುವಾಗ ಮತ್ತೆ ಜೋಡಿಸಬೇಕಾಗಿತ್ತಂತೆ. ಆದರೆ ಅಷ್ಟರಲ್ಲಿ ಅವನ ಹೆಂಡತಿ ಇಮಾಮಬಾನು ಅದನ್ನು ಮಾಳಿಗೆಯ ಮೇಲೆ ಸಂಡಿಗೆಗೆ ಅಡ್ಡ ಕಟ್ಟಿದ್ದಳು. ಬಿಸಿಲಿಗೆ ಅದು ಹೊಳೆಯುತ್ತಿತ್ತು, ಆ ಬೇಸಿಗೆ ಒಂದು ಕಾಗೆಯೂ ಬರಲಿಲ್ಲ. ಇದನ್ನು ಹೇಳಿ ಅಪ್ಪ ಮಗ ಇಬ್ಬರೂ ನಕ್ಕರು.

ಮಲ್ಲೇಶ ನಗಲಿಲ್ಲ. ರೆಕ್ಸಿನ್ನಿನ ವಾಸನೆ, ಗೋಂದಿನ ವಾಸನೆ, ಗೋಡೆಯ ಬುಡದಲ್ಲಿ ಎಲೆ ಅಡಿಕೆಯ ಕೆಂಪು. ಎಲ್ಲವೂ ಒಟ್ಟಿಗೆ ಮೂಗಿಗೆ ಬಂದವು. ಒಂದು ಬಸ್ಸಿನ ವೇಳೆ. ಅವನು ಇಷ್ಟು ವರ್ಷ ಎದೆಗೆ ಒತ್ತಿಕೊಂಡು ತಿರುಗಿದ್ದು ಒಂದು ಬಸ್ಸಿನ ವೇಳೆಯನ್ನು. ಎರಡು ಊರಿನ ಜನ ಬಿಟ್ಟರೆ ಇಡೀ ನಾಡಿಗೆ ಗೊತ್ತಿತ್ತು, ಮಾಚ ಅತ್ತಿದ್ದ, ಕಾಲು ಹಿಡಿದಿದ್ದ, ಹೇಳಬೇಕಾದದ್ದನ್ನು ಮೂಗು ಸುರಿಸಿಕೊಂಡು ಹೇಳಿದ್ದ. ಬೆಳಿಗ್ಗೆ ಆ ಮೂಗನ್ನು ಕಂಡು ಹೇಸಿದ್ದು ನೆನಪಾಯಿತು. ಆ ಹೇಸಿಕೆ ಈಗಲೂ ಇತ್ತು, ಆದರೆ ಮಾಚನ ಮೇಲೆ ನಿಲ್ಲದೆ ತನ್ನ ಮೈಮೇಲೆಯೇ ಹರಿಯುತ್ತಿತ್ತು.

“ಚಲೋ ಆತಲ್ರಿ,” ಎಂದ, ಎದ್ದು ನಿಲ್ಲಲು ನೋಡುತ್ತ. “ಮಂದಿಗಂತೂ ಅರ್ಥ ಆತು.”

“ಏನ್ ಅರ್ಥ? ಸೀಟಿ ಇಲ್ಲ, ಏನಿಲ್ಲ, ಸುಮ್ಮನ ಎದ್ದು ಹೋಗಾವ್ರು. ಏನೋ ಕೆಟ್ಟೈತಿ ಅಂತ ನನಗ ದಿನಾ ಎದಿ ಧಸಕ್ ಅಂತಿತ್ತು.” ಶಫೀಸಾಬ ಮತ್ತೆ ರೆಕ್ಸಿನ್ ಎಳೆದುಕೊಂಡ. “ನಿಮ್ಮಪ್ಪ ಒಬ್ಬಾಂವ ಮ್ಯಾಲ ಹತ್ತಿ ಬಂದಿದ್ದ, ಮಷೀನಿನ ಖೋಲಿಗೆ. ನೀ ಕೆಳಗ ಸೈಕಲ್ ಹಿಡ್ಕೊಂಡು ನಿಂತಿದ್ದಿ ಕಾಣ್ತದ. ಕೇಳಿದ, ಸಾಬಾ, ಆ ಹುಡುಗ ಅವ್ವಗ ಏನೂ ಹೇಳಲಿಲ್ಲಲ್ಲೋ, ಒಂದು ಮಾತು ಹೇಳಿದ್ರ ಆ ಮುದುಕಿ ಜೀವಕ್ಕ ಎಷ್ಟು ಹಗರ ಆಗ್ತಿತ್ತು ಅಂದ. ಹೇಳ್ಯಾನಪಾ ಓಬಳೆಪ್ಪ, ನಾನಾ ಬಸ್ಸಿಗಂತ ತಗದೀನಿ ಅಂದೆ. ಹಂಗಾರ ಸರಿ, ಹೇಳ್ಯಾನಲ್ಲ, ಅಷ್ಟಾದ್ರ ಸಾಕು ಅಂದು ಭಾಳ ನಕ್ಕ.”

ಮಲ್ಲೇಶ ಕುಳಿತೇ ಇದ್ದ. ಜಮೀರ ಬೈಕಿನ ಕೀಲಿ ತಿರುಗಿಸುತ್ತ ಬಿರಿಯಾನಿಗೆ ಅವಸರ ಮಾಡಿದ. ಮಾತು ಕೊಟ್ಟ ಮೇಲೆ ಹೋಗಲೇಬೇಕಿತ್ತು, ಹೋದರು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಜಮೀರ ಎರಡು ತಟ್ಟೆ ತರಿಸಿ, ಹೆಲಿಕಾಪ್ಟರಿನ ದೃಶ್ಯವನ್ನು ಮೊದಲಿನಿಂದ ಹೇಳಿದ. ಎದುರಿನ ಗೋಡೆಯ ಪೋಸ್ಟರಿನಲ್ಲಿ ಬಣ್ಣದ ಗಡ್ಡದ ಮಾಚ ಬೆರಳು ತೋರಿಸುತ್ತಿದ್ದ. ಮಲ್ಲೇಶ ಅನ್ನದ ಕಾಳುಗಳನ್ನು ತಟ್ಟೆಯ ಒಂದು ಬದಿಗೆ ಸರಿಸುತ್ತ ಕುಳಿತ. ಅಪ್ಪ ಆಸ್ಪತ್ರೆಯಲ್ಲಿ ಇನ್ನೂ ಸಿಟ್ಟೈತೇನೋ ಎಂದು ಕೇಳಿದ್ದು ಉತ್ತರ ಸಿಗಲಿ ಎಂದೇ. ಕೇಳಿ ಸ್ವಲ್ಪ ಹೊತ್ತು ಕಾದಿದ್ದ. ಆಮೇಲೆ ಗೋಡೆಯ ಕಡೆ ಹೊರಳಿದ್ದ. ಆ ಹೊರಳಿದ್ದನ್ನು ಮಲ್ಲೇಶ ನೋಡಿದ್ದ, ನೋಡಿಯೂ ಅದನ್ನು ಒಪ್ಪಿಗೆ ಎಂದುಕೊಂಡಿದ್ದ.

“ಉಣ್ಣಲೇ,” ಎಂದ ಜಮೀರ. “ಪಿಕ್ಚರಿಗೆ ಯಾರರ ಇಷ್ಟು ಮುಖ ಮಾಡ್ತಾರೇನು?”

ಪಿಕ್ಚರ್ ಹೊಲಸಿತ್ತು ಎಂದಷ್ಟೇ ಮಲ್ಲೇಶ ಉತ್ತರ ಕೊಟ್ಟ. ಅದು ನಿಜವೂ ಆಗಿತ್ತು.

ಸಿಟ್ಟಿಲ್ಲಪ್ಪ ಎಂದು ಅವನು ಓಬಳೆಪ್ಪನಿಗೆ ಹೇಳಲೇ ಇಲ್ಲ.