ಉಪ್ಪು ನೋಡುವವಳು

ಮೂರನೆಯ ಪದರಕ್ಕೆ ಬಂದಾಗ ಟ್ರಾಯ್ಚೆಯ ಕೈ ನಿಂತಿತು. ಮೇಲಿನ ಪಟ್ಟಿಯೂ ಅದರ ಕೆಳಗಿನ ದಪ್ಪ ಹತ್ತಿಯೂ ಸಲೀಸಾಗಿ ಬಿಚ್ಚಿಕೊಂಡಿದ್ದವು. ಗಾಯಕ್ಕೆ ತಾಗಿದ್ದ ತೆಳುಬಟ್ಟೆ ಮಾತ್ರ ಒಂದು ಮೂಲೆಯಲ್ಲಿ ಅಂಟಿಕೊಂಡಿತ್ತು. ಅವನು ಸಲೈನಿನ ಬಾಟಲಿ ಬಗ್ಗಿಸಿ ಆ ಮೂಲೆಯ ಮೇಲೆ ಹನಿಹನಿಯಾಗಿ ಬಿಟ್ಟ.

"ಎಳೀಬೇಡ," ಎಂದಳು ಅವನ ಹೆಂಡತಿ ವೆಲಿಕಾ. "ನೆನೀಲಿ."

"ಎಳೀತಿಲ್ಲ."

"ಎಳೀಬೇಕು ಅಂತ ನೀನು ಅಂದ್ಕೊಂಡಿದ್ದೆ. ನಿನ್ನ ಹೆಬ್ಬೆರಳು ನೋಡಿದ್ರೆ ಗೊತ್ತಾಗುತ್ತೆ."

ಅಡುಗೆಮನೆಯ ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅವಳ ಎಡಗಾಲು. ಗಾಯವಿದ್ದದ್ದು ಕಣಕಾಲಿನ ಒಳಬದಿಯ ಗೆಣ್ಣಿನ ಮೇಲೆ. ಫೆಬ್ರವರಿಯಲ್ಲಿ ಒಲೆಯ ಬಾಗಿಲಿನ ಅಂಚು ತಾಗಿ ಎದ್ದಾಗ ಅದು ತೊಗರಿಕಾಳಿನಷ್ಟಿತ್ತು. ಈಗ ಕಾಫಿ ಬಟ್ಟಲಿನ ತಟ್ಟೆಯಷ್ಟಾಗಿತ್ತು. ಗಾಳಿ ಸೋಕಿದೊಡನೆ ಮೊದಲು ಉರಿ, ಆಮೇಲೆ ಮೂಳೆಯೊಳಗೆ ಯಾರೋ ದಬ್ಬಳ ಆಡಿಸಿದಂತಹ ಚುಚ್ಚು, ಕೊನೆಗೆ ಮೊಣಕಾಲಿನವರೆಗೂ ಏರಿ ಇಳಿಯುವ ಮಿಡಿತ. ಈ ಕ್ರಮ ಎಂದೂ ತಪ್ಪುತ್ತಿರಲಿಲ್ಲ. ಪಟ್ಟಿ ಬದಲಿಸಲು ಅರ್ಧ ಗಂಟೆ ಇರುವಾಗಲೇ ಅವಳು ಗುಳಿಗೆ ನುಂಗುತ್ತಿದ್ದಳು. ಗುಳಿಗೆಯಿಂದ ನೋವು ಕಡಿಮೆಯಾಗುತ್ತಿರಲಿಲ್ಲ. ಅದು ತುಸು ದೂರದಲ್ಲಿ, ಪಕ್ಕದ ಕೋಣೆಯಲ್ಲಿ ನಡೆಯುತ್ತಿದೆ ಎನ್ನಿಸುತ್ತಿತ್ತು, ಅಷ್ಟೇ.

ಕಾಯಿಲೆಗೆ ಹನ್ನೊಂದು ವರ್ಷ. ರಾಜಧಾನಿ ಸ್ಕೋಪ್ಯೆಯ ದೊಡ್ಡಾಸ್ಪತ್ರೆಯ ವೈದ್ಯೆ ಅದನ್ನು ಸ್ಕ್ಲೆರೋಡರ್ಮಾ ಎಂದು ಕರೆದಿದ್ದರು. ಮನೆಯಲ್ಲಿ ಅದರ ಹೆಸರು ಬರಿಯ 'ಚರ್ಮ'. ಚರ್ಮ ಬಿಗಿಯುತ್ತದೆ, ಗಟ್ಟಿಯಾಗುತ್ತದೆ, ರಕ್ತನಾಳಗಳು ಕಿರಿದಾಗುತ್ತವೆ, ತುದಿಗಳಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ಬೇರೆಯವರಿಗೆ ವಾರದಲ್ಲಿ ಮಾಯುವ ಗಾಯ ನಿಮಗೆ ಮಾಯುವುದಿಲ್ಲ ಎಂದು ಆಕೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದರು. ವೆಲಿಕಾ ಶ್ಟಿಪ್‌ನ ಅಂಗಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕಾಲರು ಹೊಲಿದವಳು. ಅವಳು ಅದನ್ನು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡಳು: ಎರಡು ಅಳತೆ ಚಿಕ್ಕದಾದ ಅಂಗಿಯನ್ನು ಯಾರೋ ತನಗೆ ತೊಡಿಸಿ, ಕೈಗೆಟುಕದ ಹಾಗೆ ಬೆನ್ನ ಹಿಂದೆ ಗುಂಡಿ ಹಾಕಿದ್ದಾರೆ. ಬೆರಳುಗಳು ಒಳಕ್ಕೆ ಬಾಗಿ ಹಾಗೆಯೇ ನಿಂತವು. ತುಟಿಗಳು ತೆಳುವಾಗಿ ಬಾಯಿ ಕಿರಿದಾಯಿತು. ಕಾರ್ಖಾನೆಯ ಕೆಲಸ ಹೋಯಿತು. ಕಾಲಿನ ಗಾಯ ಬಂದ ಮೇಲೆ ಮೆಟ್ಟಿಲೂ ಹೋಯಿತು. ನಾಲ್ಕನೆಯ ಮಹಡಿಯ ಈ ಎರಡು ಕೋಣೆಗಳಿಂದ ಅವಳು ಇಳಿದದ್ದು ಆಂಬುಲೆನ್ಸಿನವರ ಕುರ್ಚಿಯಲ್ಲಿ ಮಾತ್ರ.

ಟ್ರಾಯ್ಚೆ ಹೊಸ ಪಟ್ಟಿ ಸುತ್ತತೊಡಗಿದ. ಬೆಳಗಿನ ಜಾವ ಬ್ರೆಡ್ಡಿನ ವ್ಯಾನು ಓಡಿಸಿ ಹನ್ನೊಂದಕ್ಕೆ ಮನೆಗೆ ಬರುವವನು ಅವನು. ಫ್ರಿಜ್ಜಿನ ಬಾಗಿಲ ಮೇಲೆ ಅವನೇ ಅಂಟಿಸಿದ್ದ ವೇಳಾಪಟ್ಟಿ ಇತ್ತು: ಗುಳಿಗೆಯ ಹೊತ್ತು, ಪಟ್ಟಿ ಬದಲಿಸುವ ಹೊತ್ತು, ಕಾಲು ಮೇಲೆತ್ತಿ ಮಲಗುವ ಹೊತ್ತು. ಕೊನೆಯ ಸಾಲು: 'ಕಿಟಕಿ ತೆರೆಯಬಾರದು.'

ಆದರೂ ಹೊಗೆ ಒಳಗೆ ಬಂದಿತ್ತು. ಸೆಪ್ಟೆಂಬರಿನ ಕೊನೆಯ ಶನಿವಾರ. ಕೆಳಗಿನ ಅಂಗಳದಲ್ಲಿ ಇಡೀ ಕಟ್ಟಡವೇ ಸೇರಿ ಚಳಿಗಾಲಕ್ಕೆ ಆಯ್ವಾರ್ ಮಾಡುತ್ತಿತ್ತು. ನಿನ್ನೆ ಸುಟ್ಟು ಸಿಪ್ಪೆ ಸುಲಿದು ರುಬ್ಬಿದ ದಪ್ಪ, ಸಿಹಿ ಕೆಂಪು ಮೆಣಸಿನಕಾಯಿ ಬೆಳಗಿನಿಂದ ಸೌದೆಯ ಒಲೆಯ ಮೇಲೆ, ತಾಮ್ರದ ಹಂಡೆಯಲ್ಲಿ ಎಣ್ಣೆಯೊಂದಿಗೆ ಬೇಯುತ್ತಿತ್ತು. ತಡವಾಗಿ ಕಾಯಿ ತಂದವರು ಇನ್ನೊಂದು ಮೂಲೆಯಲ್ಲಿ ಸುಡುತ್ತಲೇ ಇದ್ದರು.

"ಇವತ್ತು ನಾನು ಕೆಳಗೆ ಹೋಗ್ತೀನಿ," ಎಂದಳು ವೆಲಿಕಾ.

ಅವನು ಪಟ್ಟಿಯ ತುದಿಗೆ ಅಂಟುಕಾಗದ ಹಚ್ಚಿ, ಬೆರಳಿನಿಂದ ಒತ್ತಿ, ಮತ್ತೊಮ್ಮೆ ಒತ್ತಿದ. "ಬರಣಿ ತುಂಬಿದ ಮೇಲೆ ನಾನೇ ತಂದುಕೊಡ್ತೀನಿ. ಬಿಸಿಬಿಸಿ."

"ನನಗೆ ಬರಣಿ ಬೇಡ. ಉಪ್ಪು ನೋಡಬೇಕು."

"ಬೇರೆ ಯಾರಾದ್ರೂ ನೋಡ್ತಾರೆ."

"ಹದಿನಾರು ವರ್ಷದಿಂದ ನಾನೇ ನೋಡಿದ್ದು."

"ಅಂಗಳದಲ್ಲಿ ತಣ್ಣನೆ ಗಾಳಿ ಇದೆ, ನಿನಗಾಗಲ್ಲ. ಮೆಟ್ಟಿಲ ಬಾಗಿಲು ಬೇರೆ ತೆಗೆದಿಟ್ಟಿದ್ದಾರೆ, ಅಡ್ಡಗಾಳಿ. ಬಿದ್ರೆ? ಯಾರಾದ್ರೂ ಕಾಲಿಗೆ ತಾಗಿಸಿದ್ರೆ? ಸಾಕು ವೆಲಿಕಾ." ಹಳೆಯ ಹತ್ತಿಯನ್ನು ಚೀಲಕ್ಕೆ ತುಂಬಿ, ಚೀಲದ ಬಾಯಿಗೆ ಎರಡು ಗಂಟು ಹಾಕಿದ. "ಮೆಣಸಿನಕಾಯಿ ಚೀಲ ಎತ್ತೋಕೆ ಕರೀತಿದ್ದಾರೆ. ಅರ್ಧ ಗಂಟೇಲಿ ಬರ್ತೀನಿ. ಕಾಲು ಇಳಿಸಬೇಡ."

ಆ ಎರಡು ಗಂಟುಗಳನ್ನು ಅವಳು ನೋಡಿದಳು. ಅವು ವಾಸನೆಗಾಗಿ. ಏಪ್ರಿಲಿನಿಂದ ಗಾಯ ಸೋರುತ್ತಿತ್ತು. ಎಷ್ಟು ತೊಳೆದರೂ ಮಧ್ಯಾಹ್ನದ ಹೊತ್ತಿಗೆ ಕೋಣೆಯಲ್ಲಿ, ಹೂದಾನಿಯಲ್ಲಿ ಮರೆತ ನೀರಿನಂತಹ ಒಂದು ಸಿಹಿಕೊಳಕು ನಾತ ನಿಲ್ಲುತ್ತಿತ್ತು. ಯಾರೂ ಬರುವುದು ಬೇಡ ಎಂದು ಅವಳೇ ಹೇಳಿಸಿದ್ದಳು. ಆದರೆ ವರ್ಷದಲ್ಲಿ ಈ ಒಂದು ದಿನ ಇಡೀ ಬೀದಿ ಸುಟ್ಟ ಮೆಣಸಿನಕಾಯಿಯ ಹೊಗೆಯಲ್ಲಿ ಮುಳುಗಿರುತ್ತದೆ. ಹೊಗೆ ಕೂದಲಿನಲ್ಲಿ, ಪರದೆಯಲ್ಲಿ, ಮಕ್ಕಳ ಅಂಗಿಯಲ್ಲಿ ವಾರವಿಡೀ ಕೂತಿರುತ್ತದೆ. ಆ ಹೊಗೆಯೊಳಗೆ ಕೂತರೆ ತನ್ನ ಕಾಲು ಯಾರಿಗೂ ತಿಳಿಯುವುದಿಲ್ಲ. ಆಗಸ್ಟಿನಿಂದಲೇ ಅವಳು ಈ ಲೆಕ್ಕಾಚಾರ ಹಾಕಿದ್ದಳು, ಟ್ರಾಯ್ಚೆಗೆ ಹೇಳಿರಲಿಲ್ಲ.

ಇಬ್ಬರೂ ಬಾಯಿಗೆ ತರದ ಮಾತು ಇನ್ನೊಂದಿತ್ತು. ಮಾರ್ಚಿನಲ್ಲಿ, ಗಾಯ ಇನ್ನೂ ಹೆಬ್ಬೆರಳಿನ ಉಗುರಿನಷ್ಟಿದ್ದಾಗ, ಅವನ ತಾಯಿ ಹಳ್ಳಿಯಿಂದ ಮುಲಾಮು ಕಳಿಸಿದ್ದಳು: ಪೈನ್ ಮರದ ಅಂಟು, ಹಂದಿಯ ಕೊಬ್ಬು, ಜೇನುಮೇಣ. ಮೊದಲು ಬೆಚ್ಚಗಿನ ರಾಕಿಯಾ ಎಂಬ ಹಣ್ಣಿನ ಸಾರಾಯಿಯಿಂದ ಗಾಯ ತೊಳೆಯಬೇಕು, ಆಮೇಲೆ ಮುಲಾಮು ಮೆತ್ತಿ ಎಲೆಕೋಸಿನ ಎಲೆ ಕಟ್ಟಬೇಕು. ಯುದ್ಧದಲ್ಲಿ ಗಾಯವಾದ ಅವನ ಅಜ್ಜನ ಕಾಲನ್ನು ಉಳಿಸಿದ್ದು ಇದೇ ಮುಲಾಮು ಎಂಬುದು ಅವರ ಮನೆತನದ ನಂಬಿಕೆ. ರಾಕಿಯಾ ಬೆಚ್ಚಗೆ ಮಾಡಿದವನು ಟ್ರಾಯ್ಚೆ; ಮೆತ್ತಿದವನೂ ಅವನೇ. ಮೂರನೆಯ ದಿನ ಎಲೆ ಬಿಚ್ಚಿದಾಗ ಎಲೆಯೊಂದಿಗೆ ಸುತ್ತಲಿನ ಚರ್ಮವೂ ಎದ್ದುಬಂತು. ಆಸ್ಪತ್ರೆಯಲ್ಲಿ ವೈದ್ಯೆ, "ಇದನ್ನು ಹಚ್ಚಿದವರು ಯಾರು?" ಎಂದು ಕೇಳಿದಾಗ ವೆಲಿಕಾ, "ನಾನೇ," ಎಂದಳು. ಟ್ರಾಯ್ಚೆ ಪಕ್ಕದಲ್ಲೇ ಟೋಪಿ ಹಿಡಿದು ನಿಂತಿದ್ದ. ಅಂದಿನಿಂದ ಅವನು ಒಂದು ಗುಳಿಗೆಯ ಹೊತ್ತನ್ನೂ ತಪ್ಪಿಸಲಿಲ್ಲ, ಒಂದು ಕಿಟಕಿಯನ್ನೂ ತೆರೆಯಲಿಲ್ಲ.

ಅವನ ಹೆಜ್ಜೆಗಳ ಸದ್ದು ಕೆಳಗೆ ಕರಗುವವರೆಗೆ ಅವಳು ಕಾದಳು. ಆಮೇಲೆ ಉಣ್ಣೆಯ ಕೈಗವಸುಗಳನ್ನು ಹಲ್ಲಿನಿಂದ ಎಳೆದು ತೊಟ್ಟು, ದಿಂಬನ್ನು ಕಂಕುಳಿಗೆ ಸಿಕ್ಕಿಸಿ, ಗೋಡೆ ಹಿಡಿದು ಬಾಗಿಲಿಗೆ ಬಂದಳು.

ಮೆಟ್ಟಿಲ ಕಂಬಿಯನ್ನು ಅವಳ ಬೆರಳುಗಳು ಹಿಡಿಯಲಾರವು. ಮುಂಗೈಯನ್ನು ಕೊಕ್ಕೆಯಂತೆ ಸಿಕ್ಕಿಸಬೇಕು. ಆದ್ದರಿಂದ ಕೂತೇ ಇಳಿಯುವುದೆಂದು ಮೊದಲೇ ನಿಶ್ಚಯಿಸಿದ್ದಳು. ಮೆಟ್ಟಿಲ ಮೇಲೆ ದಿಂಬಿಟ್ಟು ಅದರ ಮೇಲೆ ಕೂತು, ಎಡಗಾಲನ್ನು ಮುಂದಕ್ಕೆ ಚಾಚಿ, ಬಲಗಾಲಿನಿಂದ ತಡೆದು, ಒಂದು ಮೆಟ್ಟಿಲು ಕೆಳಕ್ಕೆ. ದಿಂಬನ್ನು ಎಳೆದುಕೊಂಡು, ಮತ್ತೊಂದು. ಗೋಡೆಯ ಗುಂಡಿ ಒತ್ತಿದರೆ ಮೆಟ್ಟಿಲ ದೀಪ ಒಂದು ನಿಮಿಷ ಉರಿದು ತಾನೇ ಆರುತ್ತಿತ್ತು. ಒಂದು ನಿಮಿಷಕ್ಕೆ ಅವಳು ನಾಲ್ಕು ಮೆಟ್ಟಿಲು ಇಳಿಯುತ್ತಿದ್ದಳು. ಉಳಿದದ್ದು ಕತ್ತಲೆಯಲ್ಲಿ.

ಮೂರನೆಯ ಮಹಡಿ ದಾಟಿತು. ಇಟ್ಟಿಗೆ ಇಟ್ಟು ತೆರೆದಿದ್ದ ಕೆಳಬಾಗಿಲಿನಿಂದ ಗಾಳಿ ಮೆಟ್ಟಿಲುಗಳಗುಂಟ ಏರಿಬಂದು ಅವಳ ಮುಖಕ್ಕೆ ತಾಗಿತು. ಏಳು ತಿಂಗಳ ನಂತರದ ಗಾಳಿ. ಅದರಲ್ಲಿ ಸೌದೆಯಿತ್ತು, ಸುಟ್ಟ ಸಿಪ್ಪೆಯಿತ್ತು, ಬೆಳ್ಳುಳ್ಳಿಯಿತ್ತು. ಹಂಡೆಯ ಅಂಚಿಗೆ ಸೌಟು ತಾಗುವ ಸದ್ದಿತ್ತು. ಅವಳು ಬೇಗಬೇಗ ಇಳಿಯತೊಡಗಿದಳು.

ಎರಡನೆಯ ಮಹಡಿಗೆ ಐದು ಮೆಟ್ಟಿಲಿರುವಾಗ ಕಾಲು ಸೋತಿತು. ಇಳಿಬಿಟ್ಟ ಕಾಲಿಗೆ ರಕ್ತ ಇಳಿದಂತೆ ಮಿಡಿತ ಮೊಣಕಾಲು ದಾಟಿ ತೊಡೆಗೆ ಏರಿತು. ಕಣ್ಣಿನ ಮುಂದೆ ಬಿಳಿ ಚುಕ್ಕೆಗಳು ಎದ್ದವು. ಅವಳು ಬೆನ್ನನ್ನು ಗೋಡೆಗೆ ಒತ್ತಿ ಕೂತಳು. ಮೇಲೆ ಹತ್ತಲು ಕೈಯಲ್ಲಿ ಬಲವಿರಲಿಲ್ಲ. ಕೆಳಗೆ ಇಳಿಯಲು ಕಾಲು ಒಪ್ಪಲಿಲ್ಲ. ದೀಪ ಆರಿತು.

ಎಷ್ಟು ಹೊತ್ತೋ. ಯಾರೋ ಏದುಸಿರು ಬಿಡುತ್ತ ಮೇಲೆ ಬಂದರು; ಗುಂಡಿ ಚಟ್ಟೆಂದಿತು.

"ಅಯ್ಯೋ ದೇವ್ರೇ!" ಮೆನ್ಕಾ ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಎರಡನೆಯ ಮಹಡಿಯವಳು, ಕಾರ್ಖಾನೆಯಲ್ಲಿ ವೆಲಿಕಾಳ ಪಕ್ಕದ ಯಂತ್ರದಲ್ಲಿ ತೋಳು ಹೊಲಿದವಳು. "ವೆಲಿಕಾ? ಭೂತ ಅಂದ್ಕೊಂಡೆ ಕಣೇ!"

"ಭೂತಕ್ಕೆ ಕಾಲಿರಲ್ಲ. ನನಗೆ ಒಂದೂವರೆ ಇದೆ."

"ನಾಲಿಗೆ ಮಾತ್ರ ಪೂರ್ತಿ ಇದೆ. ಇಲ್ಯಾಕೆ ಕೂತಿದ್ದೀಯ?"

"ಕೆಳಗೆ ಹೋಗ್ತಾ ಇದ್ದೆ."

"ಮತ್ತೆ?"

"ಈಗ ಹೋಗ್ತಾ ಇಲ್ಲ."

ಮೆನ್ಕಾ ಮೆಟ್ಟಿಲು ಹತ್ತಿ ಅವಳ ಪಕ್ಕದಲ್ಲಿ ಧೊಪ್ಪೆಂದು ಕೂತಳು. ಮೊಣಕೈವರೆಗೂ ಕೆಂಪು, ಹಣೆಯ ಮೇಲೆ ಮಸಿ. ವೆಲಿಕಾ ತನ್ನಷ್ಟಕ್ಕೆ ಗೋಡೆಯ ಕಡೆ ಸರಿದಳು.

"ಏನೇ, ನಾನು ಅಷ್ಟು ನಾರ್ತಿದ್ದೀನಾ?"

"ನೀನಲ್ಲ." ವೆಲಿಕಾ ಪಟ್ಟಿಯ ಕಡೆ ನೋಡಿದಳು. "ವಾಸನೆ ಬರ್ತಿದೆಯಾ? ನಿಜ ಹೇಳು. ಹೊಗೆ ಇದೆಯಲ್ಲ, ಗೊತ್ತಾಗಲ್ಲ ಅಂದ್ಕೊಂಡೆ."

ಮೆನ್ಕಾ ಮೂಗು ಮುಂದೆ ಚಾಚಿ, ಅಂಗಡಿಯಲ್ಲಿ ಮೀನು ನೋಡುವವಳ ಹಾಗೆ ಗಂಭೀರವಾಗಿ ಮೂಸಿದಳು. "ಬರ್ತಿದೆ," ಎಂದಳು. "ಬಂದ್ರೆ ಏನೀಗ? ಇಪ್ಪತ್ತು ವರ್ಷ ನನ್ನ ಬೆಳ್ಳುಳ್ಳಿ ಬಾಯಿ ಪಕ್ಕ ಕೂತು ಹೊಲಿದೆಯಲ್ಲ, ಒಂದು ದಿನ ಜಾಗ ಬದಲಾಯಿಸು ಅಂದೆಯಾ?"

ವೆಲಿಕಾ ಆಗಸ್ಟಿನಿಂದ ಹಾಕಿದ ಲೆಕ್ಕ ತಪ್ಪಾಗಿತ್ತು. ಆದರೂ ಪಕ್ಕದ ಭುಜ ಅಲ್ಲಿಂದ ಅಲುಗಿರಲಿಲ್ಲ.

"ಕೆಳಗೆ ಉಪ್ಪಿಗೆ ಜಗಳ ನಡೀತಿದೆ," ಎಂದಳು ಮೆನ್ಕಾ. "ಮೂರನೇ ಮಹಡಿಯ ರಿಸ್ಟನಾ ಸಾಕು ಅಂತಾಳೆ, ಅವಳ ಅತ್ತೆ ಸಾಲದು ಅಂತಾಳೆ. ನಾನು ಎಣ್ಣೆ ತರೋ ನೆವದಲ್ಲಿ ಓಡಿಬಂದೆ. ಇರು, ಬಂದೆ."

ಅವಳು ಬಂದದ್ದಕ್ಕಿಂತ ಜೋರಾಗಿ ಇಳಿದುಹೋದಳು. ಮರಳಿ ಬಂದಾಗ ಅವಳ ಕೈಯಲ್ಲಿ ಹಬೆಯಾಡುವ ದೊಡ್ಡ ಮರದ ಸೌಟಿತ್ತು. ಕೆಳಗೆ ಅಂಗೈ ಹಿಡಿದಿದ್ದರೂ ಮೆಟ್ಟಿಲುಗಳ ಮೇಲೆ ಕೆಂಪು ಹನಿಗಳ ಸಾಲು ಬಿದ್ದಿತ್ತು. ಅವಳ ಹಿಂದೆಯೇ ಎರಡೆರಡು ಮೆಟ್ಟಿಲು ಹಾರುತ್ತ ಟ್ರಾಯ್ಚೆ ಬಂದ. ಹೆಂಡತಿಯನ್ನು ಕಂಡು ನಿಂತ. ಮುಖ ಸುಣ್ಣದಂತಾಗಿತ್ತು.

"ಬೈಯೋದು ಆಮೇಲೆ," ಎಂದಳು ಮೆನ್ಕಾ. "ಆರಿಹೋಗುತ್ತೆ. ತಗೋ, 'ಆ' ಅನ್ನು."

ವೆಲಿಕಾ ಬಾಯಿ ತೆರೆದಳು. ಸೌಟಿನ ಅಂಚು ತುಟಿಗೆ ತಾಗಿ ನಿಂತಿತು. ಓರೆ ಮಾಡಿದರೂ ಒಳಗೆ ಹೋಗಲಿಲ್ಲ. ಹೋದ ವರ್ಷ ಇದೇ ಸೌಟಿನ ತುದಿಯಿಂದ ಅವಳು ರುಚಿ ನೋಡಿದ್ದಳು. ಬಾಯಿ ಇನ್ನೂ ಕಿರಿದಾಗಿದೆಯೆಂದು ಅವಳಿಗೇ ತಿಳಿದಿರಲಿಲ್ಲ. ಏಳು ತಿಂಗಳಿಂದ ಊಟವೆಲ್ಲ ಟ್ರಾಯ್ಚೆ ಸಣ್ಣಗೆ ಕತ್ತರಿಸಿ ಕೊಟ್ಟದ್ದೇ ಆಗಿತ್ತು. ಕೆಂಪು ರಸ ಗಲ್ಲದ ಮೇಲೆ ಇಳಿಯಿತು.

ಮೆನ್ಕಾ ಸೌಟನ್ನು ಟ್ರಾಯ್ಚೆಯ ಕೈಗೆ ತುರುಕಿ, ತನ್ನ ಮನೆಯ ಬಾಗಿಲು ತೆಗೆದು, ಒಂದು ಕಾಫಿ ಚಮಚ ತಂದಳು. ಸೌಟಿನಿಂದ ಅದರ ತುದಿಗೆ ತುಸು ತೆಗೆದು, ಊದಿ, ಕೊಟ್ಟಳು.

ವೆಲಿಕಾ ಕಣ್ಣು ಮುಚ್ಚಿದಳು. ಸಿಹಿ ಮೊದಲು ಬಂತು, ಹೊಗೆ ಆಮೇಲೆ, ಕೊನೆಯಲ್ಲಿ ತುಸು ಖಾರ. ಅದರಾಚೆ ಉಪ್ಪು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

"ಸಾಲದು. ರಿಸ್ಟನಾಳ ಅತ್ತೆ ಹೇಳಿದ್ದೇ ಸರಿ."

"ಆ ಮುದುಕಿ ಗೆದ್ದಳಾ! ಇನ್ನು ಈಸ್ಟರ್ ತನಕ ಇದೇ ಮಾತು," ಎನ್ನುತ್ತ ಮೆನ್ಕಾ ಎಣ್ಣೆ ತರಲು ಒಳಗೆ ಹೋದಳು; ಹೊರಗೆ ಬೇಗ ಬರಲಿಲ್ಲ.

ಟ್ರಾಯ್ಚೆ ಕುಕ್ಕರಗಾಲಲ್ಲಿ ಕೂತು ಪಟ್ಟಿಯನ್ನು ನೋಡಿದ. ಗೆಣ್ಣಿನ ಬಳಿ ತಿಳಿಕೆಂಪು ಒದ್ದೆ ಹರಡುತ್ತಿತ್ತು. "ಸೋರ್ತಿದೆ. ನೋಡು. ನಡಿ, ಎತ್ಕೊಂಡು ಹೋಗ್ತೀನಿ."

"ಸೋರಲಿ, ಒಂದು ಗಳಿಗೆ."

"ನನ್ನಿಂದ ಆಗಲ್ಲ ವೆಲಿಕಾ." ಅವನ ದನಿ ಕೆಳಗಿಳಿದಿತ್ತು. "ಇನ್ನೊಂದು ಸಲ ನನ್ನಿಂದ ಏನಾದ್ರೂ ಆದ್ರೆ..." ಸೌಟನ್ನು ಎರಡೂ ಕೈಯಲ್ಲಿ, ಆಸ್ಪತ್ರೆಯಲ್ಲಿ ಟೋಪಿ ಹಿಡಿದಂತೆ ಹಿಡಿದಿದ್ದ.

ಅವಳು ಆ ಕೈಗಳನ್ನು ನೋಡಿದಳು. ಅಗಲವಾದ ಕೈ; ಉಗುರಿನ ಸುತ್ತ ತಿಕ್ಕಿ ತಿಕ್ಕಿ ತೊಳೆದು ಒಡೆದ ಚರ್ಮ.

"ಒಂದು ಹಿಡಿ," ಎಂದಳು. "ಆಮೇಲೆ ಇನ್ನರ್ಧ. ನೀನೇ ಹಾಕು."

"ನಾನಾ?"

"ಮೆನ್ಕಾದು ಸಣ್ಣ ಕೈ. ನಿನ್ನ ಹಿಡಿ ಲೆಕ್ಕಕ್ಕೆ ಸರಿಯಾಗುತ್ತೆ."

"ಹೆಚ್ಚಾದ್ರೆ?"

"ಹೆಚ್ಚಾದ್ರೆ ಇಡೀ ಕಟ್ಟಡ ಚಳಿಗಾಲ ಪೂರ್ತಿ ನೀರು ಕುಡಿಯುತ್ತೆ. ಹೋಗು. ತಳ ಹಿಡಿಯೋ ಮುಂಚೆ."

ಅವನು ಎದ್ದ. ಎರಡು ಮೆಟ್ಟಿಲು ಇಳಿದು ತಿರುಗಿ ನೋಡಿದ.

"ನಾನೆಲ್ಲಿಗೆ ಹೋಗ್ತೀನಿ?" ಎಂದಳು ವೆಲಿಕಾ.

ಅವನ ಹೆಜ್ಜೆಗಳು ಕೆಳಗಿಳಿದವು. ದೀಪ ಆರಿತು. ಗುಂಡಿ ಐದು ಮೆಟ್ಟಿಲು ಕೆಳಗೆ, ಎದುರು ಗೋಡೆಯಲ್ಲಿತ್ತು. ಕಾಲು ತನ್ನ ಕ್ರಮದಲ್ಲಿ ಮಿಡಿಯುತ್ತಿತ್ತು. ಬಾಗಿದ ಬೆರಳುಗಳ ನಡುವೆ ಕಾಫಿ ಚಮಚ ಇನ್ನೂ ಬೆಚ್ಚಗಿತ್ತು. ಕೆಳಗೆ ಜಗಳದ ದನಿಗಳು ಒಮ್ಮೆಲೇ ತಗ್ಗಿದವು. ಆಮೇಲೆ ಹಂಡೆಯಲ್ಲಿ ಸೌಟಿನ ಸದ್ದು ಮತ್ತೆ ಎದ್ದು, ನಿಂತಿತು. ಉಪ್ಪು ಹಾಕುವಾಗ ತಿರುವುವುದನ್ನು ಯಾವಾಗಲೂ ನಿಲ್ಲಿಸುತ್ತಾರೆ.

ಅವಳು ಕತ್ತಲೆಯಲ್ಲಿ ಉಸಿರು ಹಿಡಿದು ಕೂತಳು. ನಿಲುಗಡೆ ಉದ್ದವಾಯಿತು; ಒಂದೂವರೆ ಹಿಡಿಗೆ ಬೇಕಾದದ್ದಕ್ಕಿಂತ ಉದ್ದ. ಆಮೇಲೆ ಮರ ತಾಮ್ರಕ್ಕೆ ತಾಗಿತು, ನಿಧಾನವಾಗಿ, ಮತ್ತೊಮ್ಮೆ ತಾಗಿತು.